ಪರದೆಯ ಮೇಲಿನ ವೋಲ್ಟ್, ಸರ್ಕ್ಯೂಟಿಗೆ ಸಿಕ್ಕ ವೋಲ್ಟ್

ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಹೊಸದಾಗಿ ಕಾಲಿಟ್ಟ ವಿದ್ಯಾರ್ಥಿಯೊಬ್ಬ ಸಿಗ್ನಲ್ ಜನರೇಟರಿನ ಪರದೆಯಲ್ಲಿ 1 ವೋಲ್ಟ್ ಎಂದು ಹೊಂದಿಸುತ್ತಾನೆ. ಕೇಬಲನ್ನು ನೇರವಾಗಿ ಆಸಿಲ್ಲೋಸ್ಕೋಪಿಗೆ ಸಿಕ್ಕಿಸಿ ನೋಡಿದರೆ ಅಲ್ಲಿ ಕಾಣುವ ಅಲೆ 2 ವೋಲ್ಟಿನದು. ಕೇಬಲ್ ಬದಲಿಸುತ್ತಾನೆ, ಚಾನೆಲ್ ಬದಲಿಸುತ್ತಾನೆ; ಆಗಲೂ 2 ವೋಲ್ಟೇ. ಎರಡರಲ್ಲೊಂದು ಯಂತ್ರ ಕೆಟ್ಟಿರಬೇಕು ಎಂದು ದೂರು ಒಯ್ಯುತ್ತಾನೆ. ನಿಜವೆಂದರೆ ಎರಡೂ ಸರಿಯಾಗಿಯೇ ಇವೆ. ಪರದೆಯ ಮೇಲಿದ್ದ ಆ 1 ವೋಲ್ಟಿಗೆ ಒಂದು ಷರತ್ತು ಅಂಟಿಕೊಂಡಿತ್ತು. ಅದು ಅವನಿಗೆ ತಿಳಿದಿರಲಿಲ್ಲ, ಅಷ್ಟೆ.

ಸಿಗ್ನಲ್ ಜನರೇಟರ್ ನಡೆಸುವುದನ್ನು ಕಲಿಯುವುದೆಂದರೆ ಬಹುಪಾಲು ಇಂಥ ಷರತ್ತುಗಳನ್ನು ತಿಳಿಯುವುದು. ಗುಂಡಿಗಳನ್ನು ಒತ್ತಲು ಅರ್ಧ ಗಂಟೆಯಲ್ಲಿ ಬರುತ್ತದೆ.

ಬೇಕಾದ ಆಕಾರದ, ಬೇಕಾದ ಕಂಪನಾಂಕದ, ಬೇಕಾದ ಎತ್ತರದ ವಿದ್ಯುತ್ ಅಲೆಯನ್ನು ತಯಾರಿಸಿಕೊಡುವುದು ಈ ಉಪಕರಣದ ಕೆಲಸ. ಆಂಪ್ಲಿಫೈಯರ್, ಫಿಲ್ಟರ್, ಸ್ಪೀಕರ್, ರೇಡಿಯೋ, ಯಾವುದನ್ನೇ ಪರೀಕ್ಷಿಸಲಿ, ಒಳಗೆ ಹೋದದ್ದು ಏನು ಎಂಬುದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಹೊರಗೆ ಬಂದದ್ದನ್ನು ಅಳೆದು ಪ್ರಯೋಜನ. ಹಾಗಾಗಿ ಜನರೇಟರ್ ಕೊಡುವ ಅಲೆ ಅಚ್ಚುಕಟ್ಟಾಗಿರಬೇಕು, ಗಂಟೆಗಟ್ಟಲೆ ಕದಲದೆ ನಿಲ್ಲಬೇಕು.

ಕದಲದ ಅಲೆಯನ್ನು ಅಗ್ಗವಾಗಿ ಪಡೆಯುವುದು ಹಿಂದೆ ಸುಲಭವಿರಲಿಲ್ಲ. ಆಸಿಲೇಟರ್ ಎಂಬುದು ತನ್ನ ಹೊರಹರಿವಿನ ಒಂದು ಪಾಲನ್ನು ತನಗೇ ಉಣಿಸಿಕೊಳ್ಳುವ ಆಂಪ್ಲಿಫೈಯರ್. ಉಣಿಸಿದ್ದು ಕೊಂಚ ಕಡಿಮೆಯಾದರೆ ಅಲೆ ಕುಗ್ಗಿ ಆರಿಹೋಗುತ್ತದೆ. ಕೊಂಚ ಹೆಚ್ಚಾದರೆ ಬೆಳೆಯುತ್ತಾ ಹೋಗಿ ನೆತ್ತಿ ಚಪ್ಪಟೆಯಾಗಿ ಆಕಾರ ಕೆಡುತ್ತದೆ. ನಡುವಿನ ಆ ಸಣ್ಣ ಬಿಂದುವಿನಲ್ಲಿ ಅದನ್ನು ಹಿಡಿದು ನಿಲ್ಲಿಸುವುದು ಹೇಗೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿಲಿಯಂ ಹ್ಯೂಲೆಟ್ 1939ರ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಕೊಟ್ಟ ಉತ್ತರ: ಒಂದು ಪುಟ್ಟ ವಿದ್ಯುತ್ ಬಲ್ಬು.

ಬಲ್ಬಿನ ತಂತಿ ಕಾದಷ್ಟೂ ಅದರ ರೋಧ ಏರುತ್ತದೆ. ಹ್ಯೂಲೆಟ್ ಅದನ್ನು ಆಂಪ್ಲಿಫೈಯರಿನ ಗಳಿಕೆಯನ್ನು ತೀರ್ಮಾನಿಸುವ ಜಾಗದಲ್ಲಿ ಕೂರಿಸಿದ. ಅಲೆ ದೊಡ್ಡದಾದರೆ ಬಲ್ಬು ಹೆಚ್ಚು ಕಾಯುತ್ತದೆ, ರೋಧ ಏರುತ್ತದೆ, ಗಳಿಕೆ ಇಳಿಯುತ್ತದೆ. ಅಲೆ ಚಿಕ್ಕದಾದರೆ ಇದರ ತಿರುಗುಮುರುಗು. ಯಾರೂ ಕೈಹಾಕದೆ ಅಲೆ ತನ್ನ ಎತ್ತರವನ್ನು ತಾನೇ ಕಾಯ್ದುಕೊಳ್ಳುತ್ತಿತ್ತು. ಗೆಳೆಯ ಡೇವಿಡ್ ಪ್ಯಾಕರ್ಡ್ ಜೊತೆ ಪಾಲೋ ಆಲ್ಟೋದ ಗ್ಯಾರೇಜೊಂದರಲ್ಲಿ ಆತ ತಯಾರಿಸಿದ 200ಎ ಆಸಿಲೇಟರಿನ ಬೆಲೆ 54.40 ಡಾಲರ್, ಅದೇ ಕೆಲಸದ ಬೇರೆ ಯಂತ್ರಗಳಿಗೆ ಆಗ ನೂರಾರು ಡಾಲರ್ ತೆರಬೇಕಿತ್ತು. ಮೊದಲ ಮಾದರಿಗೇ 200 ಎಂಬ ಸಂಖ್ಯೆ ಕೊಟ್ಟದ್ದು, ಕಂಪನಿ ಹಳೆಯದು ಎಂದು ಗಿರಾಕಿಗಳಿಗೆ ತೋರಲಿ ಎಂದು. ವಾಲ್ಟ್ ಡಿಸ್ನಿ ಸ್ಟುಡಿಯೋ ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿವ್ಯವಸ್ಥೆಯನ್ನು ಪರೀಕ್ಷಿಸಲು ಇದರ ತಮ್ಮನಾದ 200ಬಿ ಮಾದರಿಯ ಎಂಟು ಯಂತ್ರಗಳನ್ನು ಕೊಂಡಿತು. ಮುಂದೆ ಜಗತ್ತಿನ ದೊಡ್ಡ ಕಂಪ್ಯೂಟರ್ ಕಂಪನಿಗಳಲ್ಲಿ ಒಂದಾದ ಹ್ಯೂಲೆಟ್-ಪ್ಯಾಕರ್ಡ್ ಹುಟ್ಟಿದ್ದು ಹೀಗೆ, ಸಿಗ್ನಲ್ ಜನರೇಟರಿನಿಂದ.

ಮುಂದಿನ ದಶಕಗಳಲ್ಲಿ ಕಾಲೇಜು ಲ್ಯಾಬುಗಳಿಗೆ ಬಂದದ್ದು ಫಂಕ್ಷನ್ ಜನರೇಟರ್. ಇದು ಮೊದಲು ಹುಟ್ಟಿಸುವುದು ತ್ರಿಕೋನದ ಅಲೆಯನ್ನು. ಸ್ಥಿರವಾದ ಕರೆಂಟ್ ಹರಿಸಿ ಕೆಪ್ಯಾಸಿಟರನ್ನು ತುಂಬಿಸಿದರೆ ವೋಲ್ಟೇಜ್ ನೇರ ಗೆರೆಯಲ್ಲಿ ಏರುತ್ತದೆ; ಒಂದು ಮಿತಿ ಮುಟ್ಟಿದೊಡನೆ ಕರೆಂಟಿನ ದಿಕ್ಕು ತಿರುಗಿಸಿದರೆ ಹಾಗೆಯೇ ಇಳಿಯುತ್ತದೆ. ದಿಕ್ಕು ತಿರುಗಿಸುವ ಸ್ವಿಚ್ಚಿನಿಂದಲೇ ಚೌಕದ ಅಲೆ ಸಿಗುತ್ತದೆ. ತ್ರಿಕೋನದ ಮೊನೆಗಳನ್ನು ಡಯೋಡುಗಳ ಜಾಲದಲ್ಲಿ ಉಜ್ಜಿ ದುಂಡಗೆ ಮಾಡಿದರೆ ಸೈನ್ ಅಲೆಯಂಥದ್ದು ತಯಾರು. ‘ಅಂಥದ್ದು’ ಎನ್ನಲು ಕಾರಣವಿದೆ: ಅಗ್ಗದ ಜನರೇಟರುಗಳ ಸೈನ್ ಅಲೆಯಲ್ಲಿ ಶೇಕಡಾ 1ರ ಆಸುಪಾಸಿನ ವಿಕೃತಿ ಉಳಿದೇ ಇರುತ್ತಿತ್ತು.

ಇಂದಿನ ಯಂತ್ರಗಳು ಅಲೆಯನ್ನು ಲೆಕ್ಕಹಾಕಿ ಕಟ್ಟುತ್ತವೆ. ಚಿಪ್ಪಿನ ನೆನಪಿನಲ್ಲಿ ಒಂದು ಪೂರ್ತಿ ಸೈನ್ ಅಲೆಯ ಬೆಲೆಗಳು ಕೋಷ್ಟಕವಾಗಿ ಕೂತಿರುತ್ತವೆ. ಗುಡಿಯ ಸುತ್ತ ಪ್ರದಕ್ಷಿಣೆ ಹಾಕುವವರು ಒಂದೇ ತಾಳಕ್ಕೆ ಹೆಜ್ಜೆ ಇಡುತ್ತಾರೆ ಎಂದುಕೊಳ್ಳಿ. ಹೆಜ್ಜೆ ಉದ್ದವಾದಷ್ಟೂ ಸುತ್ತು ಬೇಗ ಮುಗಿಯುತ್ತದೆ. ಚಿಪ್ಪಿನೊಳಗಿನ ಎಣಿಕೆಯೂ ಹೀಗೇ. ಹವ್ಯಾಸಿಗಳಿಗೆ ಪರಿಚಿತವಾದ ಎಡಿ9833 ಚಿಪ್ಪಿನಲ್ಲಿ ಒಂದು ಸುತ್ತಿಗೆ 28 ಬಿಟ್‌ಗಳ, ಅಂದರೆ 26,84,35,456 ಅಂಕಣಗಳಿವೆ. ತಾಳ ಹಾಕುವುದು ಸೆಕೆಂಡಿಗೆ 2.5 ಕೋಟಿ ಸಲ ಮಿಡಿಯುವ 25 ಮೆಗಾಹರ್ಟ್ಸ್ ಗಡಿಯಾರ. ಮಿಡಿತಕ್ಕೆ ಒಂದೊಂದೇ ಅಂಕಣ ಸರಿದರೆ 0.093 ಹರ್ಟ್ಸಿನ ಅಲೆ, 10,737 ಅಂಕಣಗಳಷ್ಟು ಹಾರಿದರೆ 1 ಕಿಲೋಹರ್ಟ್ಸಿನ ಅಲೆ ಸಿಗುತ್ತದೆ. ತಲುಪಿದ ಅಂಕಣಕ್ಕೆ ಕೋಷ್ಟಕದಲ್ಲಿರುವ ಬೆಲೆಯನ್ನು ವೋಲ್ಟೇಜಾಗಿ ಬದಲಿಸಿ, ಮೆಟ್ಟಿಲುಗಳನ್ನು ಫಿಲ್ಟರಿನಿಂದ ನಯಮಾಡಿದರೆ ಮುಗಿಯಿತು.

ಹೀಗೆ ಎಣಿಸುವ ಯಂತ್ರದ ಪರದೆಯಲ್ಲಿ ಅಂಕಿಗಳು ಉದ್ದುದ್ದ ಸಾಲಾಗಿ ಬರುತ್ತವೆ. 10.000000 ಮೆಗಾಹರ್ಟ್ಸ್ ಎಂದು ಕಂಡರೆ ಹರ್ಟ್ಸಿನ ಕೊನೆಯ ಅಂಕಿಯೂ ಸರಿಯಿದೆ ಎಂಬ ಭ್ರಮೆ ಸಹಜ. ಆದರೆ ಇಡೀ ಲೆಕ್ಕ ನಿಂತಿರುವುದು ಒಳಗಿನ ಕ್ವಾರ್ಟ್ಜ್ ಹರಳಿನ ಮೇಲೆ. ಆ ಹರಳು ದಶಲಕ್ಷಕ್ಕೆ 50 ಭಾಗದಷ್ಟು ತಪ್ಪಿದರೂ 10 ಮೆಗಾಹರ್ಟ್ಸಿನಲ್ಲಿ 500 ಹರ್ಟ್ಸ್ ವ್ಯತ್ಯಾಸವಾಗುತ್ತದೆ. ಒಳ್ಳೆಯ ಜನರೇಟರುಗಳ ಬೆನ್ನಿಗೆ 10 ಮೆಗಾಹರ್ಟ್ಸಿನ ಹೊರಗಿನ ಉಲ್ಲೇಖ ಸಿಗ್ನಲ್ ಕೊಡಲು ಒಂದು ಸಾಕೆಟ್ ಇಟ್ಟಿರುವುದು ಇದಕ್ಕೇ. ಅಲ್ಲಿಗೆ ರುಬಿಡಿಯಂ ಗಡಿಯಾರವನ್ನೋ ಜಿಪಿಎಸ್ ಆಧರಿಸಿದ ಗಡಿಯಾರವನ್ನೋ ಜೋಡಿಸುತ್ತಾರೆ.

ಇನ್ನು ವೋಲ್ಟ್ ಎರಡರಷ್ಟಾದ ಕಥೆ. ಲ್ಯಾಬಿನ ಜನರೇಟರುಗಳ ಹೊರದಾರಿಯಲ್ಲಿ ಸಾಮಾನ್ಯವಾಗಿ 50 ಓಮ್ ರೋಧ ಕೂತಿರುತ್ತದೆ. 50 ಓಮಿನ ಕೇಬಲ್, ಅದರ ತುದಿಯಲ್ಲಿ 50 ಓಮಿನ ಹೊರೆ ಇದ್ದರೆ ವೇಗದ ಸಿಗ್ನಲುಗಳು ತುದಿಗೆ ಬಡಿದು ವಾಪಸಾಗದೆ ಪೂರ್ತಿ ಇಳಿದುಹೋಗುತ್ತವೆ. ವ್ಯವಸ್ಥೆ ಇರುವುದು ಅದಕ್ಕಾಗಿ. ಹೊರೆಯೂ 50 ಓಮ್ ಎಂದು ನಂಬಿಕೊಂಡ ಯಂತ್ರ ಒಳಗೆ 2 ವೋಲ್ಟ್ ಹುಟ್ಟಿಸಿ, ಅರ್ಧ ತನ್ನೊಳಗೇ ಕಳೆದುಹೋಗುತ್ತದೆಂದು ಲೆಕ್ಕಹಾಕಿ, ಪರದೆಯಲ್ಲಿ 1 ವೋಲ್ಟ್ ಎಂದು ಬರೆಯುತ್ತದೆ. ಆಸಿಲ್ಲೋಸ್ಕೋಪಿನ ಒಳರೋಧವೋ 10 ಲಕ್ಷ ಓಮ್. ಅಲ್ಲಿ ಕಳೆದುಹೋಗುವುದು ಏನೂ ಇಲ್ಲದ ಕಾರಣ ಎರಡೂ ವೋಲ್ಟ್ ಹಾಗೆಯೇ ತಲುಪುತ್ತವೆ. 1,000 ಓಮಿನ ಹೊರೆಗಾದರೆ ಸಿಗುವುದು 1.9 ವೋಲ್ಟ್. 8 ಓಮಿನ ಸ್ಪೀಕರಿಗೆ ಕೇವಲ 0.28 ವೋಲ್ಟ್.

ಹೊರೆ ಎಷ್ಟೆಂದು ಯಂತ್ರಕ್ಕೆ ತಿಳಿಸುವ ಆಯ್ಕೆ ಮೆನುವಿನಲ್ಲಿ ಇರುತ್ತದೆ: ‘50 ಓಮ್’ ಅಥವಾ ‘ಹೈ-ಝಡ್’, ಅಂದರೆ ಆಸಿಲ್ಲೋಸ್ಕೋಪಿನಂತೆ ರೋಧ ಬಹಳ ಹೆಚ್ಚಿರುವ ಹೊರೆ. ಎಷ್ಟೋ ಮಾದರಿಗಳಲ್ಲಿ ಇದನ್ನು ಬದಲಿಸಿದರೆ ಹೊರಬರುವ ಸಿಗ್ನಲ್ ಒಂದಿಷ್ಟೂ ಬದಲಾಗುವುದಿಲ್ಲ, ಪರದೆಯ ಸಂಖ್ಯೆ ಮಾತ್ರ ಬದಲಾಗುತ್ತದೆ.

ಎತ್ತರವನ್ನು ಅಳೆಯುವ ಪದ್ಧತಿಯೂ ಒಂದೇ ಅಲ್ಲ. ಜನರೇಟರ್ ಸಾಮಾನ್ಯವಾಗಿ ಹೇಳುವುದು ಪೀಕ್ ಟು ಪೀಕ್, ಅಂದರೆ ಅಲೆಯ ತಳದಿಂದ ನೆತ್ತಿಯವರೆಗಿನ ಅಳತೆ. ಮಲ್ಟಿಮೀಟರ್ ತೋರಿಸುವುದು ಆರ್‌ಎಂಎಸ್ ಬೆಲೆ, ಅಂದರೆ ಅಷ್ಟೇ ಶಾಖ ಹುಟ್ಟಿಸುವ ಡಿಸಿ ವೋಲ್ಟೇಜ್. ಸೈನ್ ಅಲೆಯಲ್ಲಿ 1 ವೋಲ್ಟ್ ಪೀಕ್ ಟು ಪೀಕ್ ಎಂದರೆ 0.354 ವೋಲ್ಟ್ ಆರ್‌ಎಂಎಸ್. ಅಷ್ಟೇ ಎತ್ತರದ ಚೌಕದ ಅಲೆಯ ನಿಜವಾದ ಆರ್‌ಎಂಎಸ್ 0.5 ವೋಲ್ಟ್, ಸೈನ್ ಅಲೆಗೆಂದೇ ಹೊಂದಿಸಿದ ಅಗ್ಗದ ಮೀಟರ್ ಅದನ್ನು 0.555 ಎಂದು ಓದುತ್ತದೆ. ಇಂಥ ಮೀಟರುಗಳು ಹೆಚ್ಚಿನ ಕಂಪನಾಂಕದಲ್ಲಿ ನಂಬಿಕೆಗೆ ಅರ್ಹವೂ ಅಲ್ಲ. 100 ಕಿಲೋಹರ್ಟ್ಸಿನ ಸಿಗ್ನಲನ್ನು ಮಲ್ಟಿಮೀಟರಿನಲ್ಲಿ ಅಳೆದು ‘ಜನರೇಟರ್ ಸತ್ತಿದೆ’ ಎಂದು ತೀರ್ಪು ಕೊಡುವುದು ಅನ್ಯಾಯ.

ಚಿಪ್ಪು ಸುಡುವ ಸಂಭವ ಹೆಚ್ಚಿರುವುದು ಆಫ್‌ಸೆಟ್ ಮರೆತಾಗ. ಜನರೇಟರಿನ ಅಲೆ ಸೊನ್ನೆಯ ಮೇಲಕ್ಕೂ ಕೆಳಕ್ಕೂ ಸಮನಾಗಿ ಓಲಾಡುತ್ತದೆ. 5 ವೋಲ್ಟಿನ ಚೌಕದ ಅಲೆ ಎಂದರೆ ಮೈನಸ್ 2.5ರಿಂದ ಪ್ಲಸ್ 2.5ರವರೆಗೆ. ಡಿಜಿಟಲ್ ಚಿಪ್ಪಿಗೆ ಬೇಕಾದದ್ದು 0ಯಿಂದ 5 ವೋಲ್ಟ್. ಮೈನಸ್ ವೋಲ್ಟೇಜ್ ಅದಕ್ಕೆ ಒಗ್ಗುವುದಿಲ್ಲ. ಆದ್ದರಿಂದ 2.5 ವೋಲ್ಟ್ ಆಫ್‌ಸೆಟ್ ಸೇರಿಸಿ ಇಡೀ ಅಲೆಯನ್ನು ಮೇಲಕ್ಕೆತ್ತಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿಯೂ ಹೊರೆಯ ಆಯ್ಕೆಯನ್ನು ‘50 ಓಮ್’ನಲ್ಲೇ ಬಿಟ್ಟಿದ್ದರೆ ಆಫ್‌ಸೆಟ್ಟೂ ಎರಡು ಪಟ್ಟಾಗಿ ಚಿಪ್ಪಿಗೆ 0ಯಿಂದ 10 ವೋಲ್ಟ್ ಬಡಿಯುತ್ತದೆ. ಔಟ್‌ಪುಟ್ ಗುಂಡಿಯನ್ನು ಆರಿಸಿಟ್ಟು, ಮೊದಲು ಆಸಿಲ್ಲೋಸ್ಕೋಪಿನಲ್ಲಿ ಅಲೆಯನ್ನು ನೋಡಿ, ಆಮೇಲೆ ಚಿಪ್ಪಿಗೆ ಜೋಡಿಸುವ ಅಭ್ಯಾಸ ಇದ್ದವರ ಚಿಪ್ಪುಗಳು ಬಹುಕಾಲ ಬಾಳುತ್ತವೆ.

ಕಪ್ಪು ಕ್ಲಿಪ್ಪಿನ ತಂಟೆ ಬೇರೆ. ಸಾಮಾನ್ಯ ಜನರೇಟರ್ ಮತ್ತು ಆಸಿಲ್ಲೋಸ್ಕೋಪುಗಳ ಸಾಕೆಟ್ಟಿನ ಹೊರಕವಚ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಕಟ್ಟಡದ ಅರ್ಥಿಂಗಿಗೆ ಸೇರಿರುತ್ತದೆ. ಹಾಗಾಗಿ ಎರಡರ ಕಪ್ಪು ಕ್ಲಿಪ್ಪುಗಳೂ ಒಳಗಿಂದೊಳಗೆ ಒಂದೇ ತಂತಿ. ಜನರೇಟರಿನದನ್ನು ಸರ್ಕ್ಯೂಟಿನ ಒಂದು ಕಡೆಗೂ ಆಸಿಲ್ಲೋಸ್ಕೋಪಿನದನ್ನು ಇನ್ನೊಂದು ಕಡೆಗೂ ಸಿಕ್ಕಿಸಿದರೆ ನಡುವಿನ ಭಾಗ ಶಾರ್ಟ್ ಆಗುತ್ತದೆ. ಎಲ್ಲ ಜೋಡಣೆ ಸರಿಯಿದ್ದಂತೆ ಕಂಡೂ ಫಲಿತಾಂಶ ಬಾರದ ಪ್ರಯೋಗಗಳಲ್ಲಿ ಮೊದಲು ಹುಡುಕಬೇಕಾದ ಜಾಗ ಇದು. ನೇರ ಮೇನ್ಸಿಗೆ ತಗಲಿರುವ ಸರ್ಕ್ಯೂಟಿಗಂತೂ ಈ ಕ್ಲಿಪ್ಪನ್ನು ಸೋಕಿಸಲೇಬಾರದು. ಅಲ್ಲಿ ಪ್ರಾಣಕ್ಕೇ ಅಪಾಯ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಮೊದಲು ಮಾಡುವ ಆರ್‌ಸಿ ಫಿಲ್ಟರ್ ಪ್ರಯೋಗವನ್ನೇ ನೋಡಿ. 1,000 ಓಮ್ ರೋಧ, 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಕಂಪನಾಂಕ ಏರಿಸುತ್ತಾ ಹೋದರೆ 1.59 ಕಿಲೋಹರ್ಟ್ಸಿನಲ್ಲಿ ಹೊರಹರಿವು ಒಳಹರಿವಿನ 0.707 ಪಾಲಿಗೆ ಇಳಿಯಬೇಕು. ಹೊರೆಯ ಆಯ್ಕೆಯನ್ನು ‘ಹೈ-ಝಡ್’ಗೆ ಇಟ್ಟರೂ, ಪರದೆಯ ವೋಲ್ಟನ್ನೇ ಒಳಹರಿವು ಎಂದು ನಂಬಿ ಅಳೆದವರಿಗೆ ಸಿಗುವುದು 1.52 ಕಿಲೋಹರ್ಟ್ಸ್. ಜನರೇಟರಿನ 50 ಓಮ್ ಸದ್ದಿಲ್ಲದೆ ಫಿಲ್ಟರಿನೊಳಗೆ ಸೇರಿ 1,000 ಓಮನ್ನು 1,050 ಮಾಡಿರುತ್ತದೆ. ಆಸಿಲ್ಲೋಸ್ಕೋಪಿನ ಎರಡನೆಯ ಚಾನೆಲನ್ನು ಫಿಲ್ಟರಿನ ಬಾಯಿಗೇ ಇಟ್ಟು ಅಲ್ಲಿರುವ ವೋಲ್ಟಿಗೆ ಹೋಲಿಸಿದರೆ ಪಠ್ಯದ ಉತ್ತರ ಬರುತ್ತದೆ.

ರೇಡಿಯೋ ದುರಸ್ತಿಯ ಅಂಗಡಿಗಳಲ್ಲಿ ಈ ಯಂತ್ರಕ್ಕೆ ಬೇರೆಯದೇ ಕೆಲಸವಿತ್ತು. ಮಧ್ಯಮ ತರಂಗದ ರೇಡಿಯೋ ಯಾವ ಕೇಂದ್ರವನ್ನು ಹಿಡಿದರೂ ಅದನ್ನು ಒಳಗೆ ಒಂದೇ ಕಂಪನಾಂಕಕ್ಕೆ, ಸಾಮಾನ್ಯವಾಗಿ 455 ಕಿಲೋಹರ್ಟ್ಸಿಗೆ, ಇಳಿಸಿಕೊಳ್ಳುತ್ತದೆ. 612 ಕಿಲೋಹರ್ಟ್ಸಿನ ಬೆಂಗಳೂರು ಆಕಾಶವಾಣಿಯನ್ನು ಕೇಳಿಸಲು ಸೆಟ್ಟಿನೊಳಗಿನ ಆಸಿಲೇಟರ್ 1,067 ಕಿಲೋಹರ್ಟ್ಸಿನಲ್ಲಿ ಮಿಡಿಯಬೇಕು. ಎರಡರ ವ್ಯತ್ಯಾಸ 455. ಸೆಟ್ಟು ಮಂಕಾದರೆ ಮೆಕ್ಯಾನಿಕ್ ಜನರೇಟರಿನಿಂದ 455 ಕಿಲೋಹರ್ಟ್ಸಿನ ಅಲೆಯ ಮೇಲೆ ಒಂದು ಸಿಳ್ಳಿನ ದನಿಯನ್ನು ಹೊರಿಸಿ ಒಳಕ್ಕೆ ಬಿಡುತ್ತಿದ್ದ. ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ಕಾಯಿಲುಗಳ ತಿರುಳನ್ನು ತಿರುಗಿಸುತ್ತಾ ಸಿಳ್ಳು ಅತಿ ಜೋರಾಗುವ ಬಿಂದುವಿಗೆ ತರುತ್ತಿದ್ದ. ಕಬ್ಬಿಣದ ಸ್ಕ್ರೂಡ್ರೈವರ್ ತಾನೇ ಕಾಯಿಲಿನ ಗುಣವನ್ನು ಬದಲಿಸಿಬಿಡುತ್ತದೆ. ಸಿಗ್ನಲನ್ನೂ ಆದಷ್ಟು ಸಣ್ಣದಾಗಿಯೇ ಕೊಡಬೇಕಿತ್ತು: ದೊಡ್ಡ ಸಿಗ್ನಲ್ ಬಂದರೆ ರೇಡಿಯೋ ತಂತಾನೇ ಗಳಿಕೆಯನ್ನು ತಗ್ಗಿಸಿಕೊಂಡು ಹೆಚ್ಚುಕಡಿಮೆಯನ್ನು ಮರೆಮಾಚುತ್ತದೆ.

ಇಂಥ ಸಣ್ಣ ಸಿಗ್ನಲುಗಳ ಲೆಕ್ಕಕ್ಕೆ ಡಿಬಿಎಂ ಎಂಬ ಮಾನ ಬಳಕೆಯಲ್ಲಿದೆ. 0 ಡಿಬಿಎಂ ಎಂದರೆ 1 ಮಿಲಿವ್ಯಾಟ್. ಮೈನಸ್ 100 ಡಿಬಿಎಂ ಎಂದರೆ 50 ಓಮಿನಲ್ಲಿ ಸುಮಾರು 2.2 ಮೈಕ್ರೋವೋಲ್ಟ್. ಇಷ್ಟು ಕ್ಷೀಣವಾದದ್ದನ್ನು ನಿಖರವಾಗಿ ಕೊಡಲು ಸಿಗ್ನಲನ್ನು ತಗ್ಗಿಸುವ ಒಳ್ಳೆಯ ಅಟೆನ್ಯುಯೇಟರೂ ಸೋರಿಕೆಯಿಲ್ಲದ ಲೋಹದ ಪೆಟ್ಟಿಗೆಯೂ ಬೇಕು. ರೇಡಿಯೋ ಪರೀಕ್ಷೆಯ ಜನರೇಟರುಗಳು ದುಬಾರಿಯಾಗಲು ಇದೊಂದು ಕಾರಣ.

ಮನೆಯಲ್ಲೇ ಕಲಿಯಬೇಕೆನ್ನುವವರಿಗೆ ದಾರಿಗಳಿವೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ರೂಪಿಸಿದ ‘ಎಕ್ಸ್‌ಪ್‌ಐಸ್-17’ ಎಂಬ ಪುಟ್ಟ ಪೆಟ್ಟಿಗೆ ಕಂಪ್ಯೂಟರಿಗೆ ಜೋಡಿಸಿದರೆ 5 ಹರ್ಟ್ಸಿನಿಂದ 5 ಕಿಲೋಹರ್ಟ್ಸಿನವರೆಗೆ ಸೈನ್ ಅಲೆ ಕೊಡುತ್ತದೆ, ಅಳೆಯುವ ಕೆಲಸವನ್ನೂ ತಾನೇ ಮಾಡುತ್ತದೆ. ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡ ಮೊಬೈಲಿನ ಹೆಡ್‌ಫೋನ್ ಸಾಕೆಟ್ಟಿನಿಂದ ಸುಮಾರು 20 ಹರ್ಟ್ಸಿನಿಂದ 20 ಕಿಲೋಹರ್ಟ್ಸಿನವರೆಗಿನ ಅಲೆ ಪುಕ್ಕಟೆ ಸಿಗುತ್ತದೆ. ಆಫ್‌ಸೆಟ್ ಮಾತ್ರ ಸಿಗದು. ಆದ್ದರಿಂದ ಜನರೇಟರ್, ಆಸಿಲ್ಲೋಸ್ಕೋಪ್ ಎರಡರಲ್ಲಿ ಒಂದಕ್ಕೆ ಮಾತ್ರ ಕೈಯಲ್ಲಿ ಹಣವಿದ್ದರೆ ಮೊದಲು ಆಸಿಲ್ಲೋಸ್ಕೋಪ್ ಕೊಳ್ಳಿ. ಸಿಗ್ನಲ್ ಎಲ್ಲಿಂದಲಾದರೂ ಸಿಕ್ಕೀತು. ಸರ್ಕ್ಯೂಟಿಗೆ ತಲುಪಿದ್ದು ಎಷ್ಟು ಎಂದು ತೋರಿಸಲು ಬೇರೆ ಉಪಾಯವಿಲ್ಲ.