ಕುದುರೆಗಳ ಜಮಾ-ಖರ್ಚು

ಕಾರು ಮನೆಗೆ ಬಂದ ದಿನ ಗೇಟಿನ ಇಳಿಜಾರು ಹತ್ತಿಸಿ ಆಕ್ಸಿಲರೇಟರ್ ಬಿಟ್ಟೆ. ಬಾನೆಟ್ಟಿನೊಳಗಿಂದ ‘ಪ್ಸ್ಸ್ಶ್’ ಅಂತ ಸದ್ದು. ಆರತಿ ತಟ್ಟೆ ಹಿಡಿದು ನಿಂತಿದ್ದ ಅಮ್ಮ ಒಂದು ಹೆಜ್ಜೆ ಹಿಂದೆ ಸರಿದು, “ಇದೇನೇ ಇದು, ಕಾರಿಗೆ ನೆಗಡಿನಾ?” ಅಂದಳು.

2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್ ಅಶ್ವಶಕ್ತಿ, 350 ಎನ್‌ಎಂ ಟಾರ್ಕ್, ಆರು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಹೊರಗಿಂದ ನೋಡಿದರೆ ಸಂಸಾರಸ್ಥರ ಕಾರು. ಡಿಕ್ಕಿಯಲ್ಲಿ 590 ಲೀಟರು ಜಾಗ, ಮದುವೆ ಮನೆಯ ಪಾತ್ರೆಯನ್ನೂ ತುಂಬಬಹುದು. ಕಾಲು ಒತ್ತಿದರೆ ಮಾತ್ರ ಬೇರೆಯೇ ಕಥೆ. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಿ.ಎ. ಪ್ರಾಕ್ಟೀಸು ಮಾಡಿಕೊಂಡು ಬಂದವಳು ನಾನು. ಊರಿನವರ ಲೆಕ್ಕ ಬರೆದು ಉಳಿಸಿದ ದುಡ್ಡಿನಲ್ಲಿ ಬೆಂಗಳೂರಿನಿಂದ ಇದನ್ನು ಸೆಕೆಂಡ್‌ಹ್ಯಾಂಡ್ ತಂದೆ. ತಂದ ವಾರದಿಂದಲೇ ಬಲ್ಲವರ ಸಲಹೆ ಶುರುವಾಯಿತು. ಇದನ್ನು ಹಾಕಿಸಿ, ಅದನ್ನು ತೆಗೆಸಿ, 300 ದಾಟಿಸಿಬಿಡಿ.

ನಾನು ಒಂದು ನೋಟ್‌ಬುಕ್ ತೆಗೆದು ನಡುವೆ ಗೆರೆ ಎಳೆದೆ. ನಮ್ಮ ಕಸುಬಿನಲ್ಲಿ ಒಂದು ಕಡೆ ಬರೆದದ್ದಕ್ಕೆ ಇನ್ನೊಂದು ಕಡೆ ಬರೆಯದೆ ಪುಟ ಮುಗಿಯುವುದಿಲ್ಲ. ಅಂಗಡಿಯವರು ಹೇಳುವುದು ಜಮಾ ಕಡೆಯನ್ನು ಮಾತ್ರ. ಖರ್ಚಿನ ಕಡೆ ಎಲ್ಲಿ ಬೀಳುತ್ತದೆ ಅಂತ ಹುಡುಕುವುದು ಕೊಳ್ಳುವವರ ಕೆಲಸ.

ಮೊದಲ ಪುಟ ಆ ನೆಗಡಿಯದು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದ ಉಪಾಯ ಈ ಟರ್ಬೊ. ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ಹಾಕುವಾಗ ನೀವು ಕಾಲು ತೆಗೆದರೆ, ಒತ್ತಿಟ್ಟ ಗಾಳಿಗೆ ದಾರಿ ಇರುವುದಿಲ್ಲ. ಒಂದು ವಾಲ್ವ್ ತೆರೆದು ಅದನ್ನು ಟರ್ಬೊದ ಬಾಯಿಗೇ ವಾಪಸು ಕಳಿಸುತ್ತದೆ. ಕಂಪನಿಯ ಮುಚ್ಚಿದ ಏರ್‌ಬಾಕ್ಸ್ ಇದ್ದರೆ ಆ ಸದ್ದು ಹೊರಗೆ ಬರುವುದಿಲ್ಲ. ಹಿಂದಿನ ಮಾಲೀಕರು ಅದನ್ನು ಬಿಚ್ಚಿ, ಐಸ್‌ಕ್ರೀಂ ಕೋನ್ ಆಕಾರದ ತೆರೆದ ಫಿಲ್ಟರ್ ಹಾಕಿಸಿದ್ದರು. ಅದಕ್ಕೇ ಸೀನು.

ಗಾಳಿ ಜಾಸ್ತಿ ಬರುತ್ತದಂತೆ, ಸರಿ. ಎಲ್ಲಿಂದ ಬರುತ್ತದೆ? ಕಂಪನಿಯ ಬಾಕ್ಸ್ ಮುಂಭಾಗದ ಗ್ರಿಲ್ಲಿನಿಂದ ತಣ್ಣನೆಯ ಗಾಳಿ ಎಳೆಯುತ್ತಿತ್ತು. ಕೋನ್ ಎಳೆಯುವುದು ಬಾನೆಟ್ಟಿನೊಳಗಿನ ಕಾದ ಗಾಳಿ. ಮೇ ತಿಂಗಳಲ್ಲಿ ಕೊಲಂಬಿಯಾ ಏಷ್ಯಾ ಜಂಕ್ಷನ್ನಿನ ಸಿಗ್ನಲ್ಲಿನಲ್ಲಿ ನಿಂತು ಹೊರಟಾಗ ಕಾರು ಊಟವಾದ ಮೇಲೆ ಎದ್ದವರ ಹಾಗೆ ಮಂಕಾಗಿ ಚಲಿಸುತ್ತಿತ್ತು. ಬಿಸಿ ಗಾಳಿಯಲ್ಲಿ ಆಮ್ಲಜನಕ ತೆಳು. ಎಂಜಿನ್ನಿನ ಕಂಪ್ಯೂಟರ್ ಹೆದರಿ ಕಿಡಿಯ ಹೊತ್ತನ್ನು ಹಿಂದಕ್ಕೆ ತಳ್ಳುತ್ತದೆ. ಹೀಗೆ ದುಡ್ಡು ಕೊಟ್ಟು ಕೊಂಡದ್ದು ಶಬ್ದ, ಕಳೆದುಕೊಂಡದ್ದು ಶಕ್ತಿ.

ಪುಣ್ಯಕ್ಕೆ ಹಳೆಯ ಏರ್‌ಬಾಕ್ಸ್ ಡಿಕ್ಕಿಯ ಮೂಲೆಯಲ್ಲೇ ರಟ್ಟಿನ ಪೆಟ್ಟಿಗೆಯಲ್ಲಿತ್ತು. ನಮ್ಮ ಮೆಕ್ಯಾನಿಕ್ ಭಾಯ್ ಅದನ್ನು ವಾಪಸು ಕೂರಿಸುತ್ತಾ ನಕ್ಕರು: “ಮೇಡಂ, ಎಲ್ಲರೂ ಹಾಕಿಸೋಕೆ ಬರ್ತಾರೆ. ತೆಗೆಸೋಕೆ ಬಂದವರು ನೀವೇ ಮೊದಲು.”

ಹಾಕಿದ್ದನ್ನು ತೆಗೆಸುವುದು ಅಷ್ಟೇನೂ ಹೊಸದಲ್ಲ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹೊತ್ತು ಮಾರುಕಟ್ಟೆಗೆ ಬಂತು. ಎಂಜಿನ್ನಿನಲ್ಲಿ ಮಿಶ್ರಣ ಹೊತ್ತಿಗೆ ಮುಂಚೆ ಸಿಡಿದು ‘ನಾಕಿಂಗ್’ ಆಗದಿರಲಿ ಅಂತ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ತೊಟ್ಟಿಯಲ್ಲಿ ತುಂಬಬೇಕಿತ್ತು. ಜನ ಮರೆತರು. ಕೊನೆಗೆ ಕಂಪನಿಯೇ ಟರ್ಬೊ ತೆಗೆದು ಮಾಮೂಲಿ ಕಾರ್ಬ್ಯುರೇಟರ್ ಹಾಕಿಕೊಡಲು ಮುಂದಾಯಿತು. ಜಮಾ ಕಡೆಯನ್ನಷ್ಟೇ ಓದಿ ಕಾರು ಕೊಂಡವರು ಆಗಲೂ ಇದ್ದರು.

ಎರಡನೇ ಪುಟ ಬರೆಸಿದ್ದು ಸಂಪಾಜೆ ಘಾಟಿ. ಸುಳ್ಯದಲ್ಲಿ ಚಿಕ್ಕಮ್ಮನ ಮಗನ ಮದುವೆ. ಮಡಿಕೇರಿಯವರೆಗೆ ಹತ್ತುವಾಗ ಕಾರು ಹಾಡಿಕೊಂಡು ಹೋಯಿತು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಎಂಟರಲ್ಲೊಂದು ಪಾಲು ಕಡಿಮೆ. ಸಾದಾ ಎಂಜಿನ್ನು ಅಷ್ಟೇ ಸೊರಗುತ್ತದೆ, ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಇಳಿಯುವಾಗ ಅದರ ಉಪಕಾರವೇನೂ ಇಲ್ಲ. ಕೊಯನಾಡಿನ ಹತ್ತಿರ ಒಂದು ತಿರುವಿನಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ, ಎಂದೂ ಹೋಗದಷ್ಟು ಕೆಳಗೆ ಹೋಯಿತು. ಕಾರು ನಿಂತಿತು, ಆದರೆ ನಾನು ಅಂದುಕೊಂಡ ಜಾಗದಲ್ಲಲ್ಲ. ಪಕ್ಕಕ್ಕೆ ಹಾಕಿ ಇಳಿದರೆ ಸುಟ್ಟ ವಾಸನೆ. ಹಿಂದಿನ ಸೀಟಿನ ಚಿಕ್ಕಮ್ಮ, “ಯಾರದೋ ಮನೇಲಿ ಪಲ್ಯ ತಳ ಹಿಡೀತು,” ಅಂದರು. ನಾನು ಹೌದು ಅಂದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುವ ದ್ರವ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿಕೊಂಡ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಆದ್ದರಿಂದ ಕಾಲು ಒತ್ತಿದ್ದು ಪ್ಯಾಡಿಗೆ ತಲುಪುವುದಿಲ್ಲ. ಭಾಯ್ ಪೈಪು ಬಿಚ್ಚಿ ಹಳೆಯದನ್ನು ಬಾಟಲಿಗೆ ಇಳಿಸಿದರು. ಹೊಸದು ಜೇನಿನ ಬಣ್ಣ. ಬಂದದ್ದು ಫಿಲ್ಟರ್ ಕಾಫಿಯ ಡಿಕಾಕ್ಷನ್. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು. ಸರ್ವಿಸ್ ದಾಖಲೆಯಲ್ಲಿ ಆ ಸಾಲು ಖಾಲಿ ಇದ್ದದ್ದನ್ನು ಕೊಳ್ಳುವಾಗಲೇ ನೋಡಿದ್ದೆ, ಆಮೇಲೆ ಅಂತ ಬಿಟ್ಟಿದ್ದೆ. ಬೇರೆಯವರ ಪುಸ್ತಕ ಆಡಿಟ್ ಮಾಡುವವಳ ಸ್ವಂತ ಪುಸ್ತಕ ಹೀಗಿತ್ತು.

ಹೀಗಾಗಿ ನಾನು ನಿಜವಾಗಿ ಕೊಂಡ ಮೊದಲ ‘ಮಾಡಿಫಿಕೇಶನ್’ಗೆ ಯಾವ ಸದ್ದೂ ಇಲ್ಲ: ಒಳ್ಳೆಯ ಬ್ರೇಕ್ ಆಯಿಲ್, ಹೆಚ್ಚು ಬಿಸಿ ತಡೆಯುವ ಪ್ಯಾಡು, ನಾಲ್ಕು ಟೈರು. ಪ್ಯಾಡಿಗೂ ಖರ್ಚಿನ ಕಡೆ ಉಂಟು. ರೇಸಿನದು ತಣ್ಣಗಿದ್ದಾಗ ಹಿಡಿಯುವುದಿಲ್ಲ, ಹಾಲು ತರಲು ಹೊರಟವರಿಗೆ ಅಪಾಯ. ರಸ್ತೆಗೂ ಘಾಟಿಗೂ ನಡುವಿನ ದರ್ಜೆಯದು ಆರಿಸಿದೆ. ಟೈರು ಕೊಳ್ಳುವಾಗ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡಿ. 1418 ಅಂತಿದ್ದರೆ 2018ರ ಹದಿನಾಲ್ಕನೇ ವಾರ ಹುಟ್ಟಿದ್ದು. ನನ್ನ ಕಾರಿನ ಹಳೆಯ ಟೈರಿನ ಅಚ್ಚು ಚೆನ್ನಾಗಿಯೇ ಇತ್ತು, ರಬ್ಬರು ಮಾತ್ರ ಉಗುರು ಊರದಷ್ಟು ಗಟ್ಟಿಯಾಗಿತ್ತು. ವೇಗ 100ರಿಂದ 120ಕ್ಕೆ ಏರಿದರೆ ಹೆಚ್ಚಾದದ್ದು ಐದರಲ್ಲೊಂದು ಪಾಲು ಅನ್ನಿಸುತ್ತದೆ. ನಿಲ್ಲಿಸಬೇಕಾದ ಶಕ್ತಿ ಮಾತ್ರ ಶೇ 44ರಷ್ಟು ಹೆಚ್ಚು. ಅಂಗೈಯಗಲದ ನಾಲ್ಕು ತುಂಡು ರಬ್ಬರಿನ ಮೇಲೆ ಅದೆಲ್ಲ ಬೀಳಬೇಕು.

ಕಾರನ್ನು ತಗ್ಗಿಸುವ ಸ್ಪ್ರಿಂಗು, ದೊಡ್ಡ ಅಲಾಯ್ ಚಕ್ರ ಎರಡನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕಿದೆ. ನಮ್ಮ ಬೀದಿಯ ಹಂಪು ಹಾಕಿದವರು ಇಂಥ ಕಾರನ್ನು ಕನಸಿನಲ್ಲೂ ಕಂಡಿರಲಿಕ್ಕಿಲ್ಲ.

ಸೈಲೆನ್ಸರ್ ವಿಷಯಕ್ಕೆ ಬೆಂಗಳೂರಿನ ಒಂದು ಟ್ಯೂನಿಂಗ್ ಅಂಗಡಿಗೆ ಹೋಗಿದ್ದೆ. ಟರ್ಬೊದ ಹಿಂದಿನ ಪೈಪನ್ನು, ಅದರೊಳಗಿನ ಕೆಟಲಿಟಿಕ್ ಕನ್ವರ್ಟರ್ ಸಮೇತ, ತೆಗೆದು ಖಾಲಿ ಪೈಪು ಹಾಕುವುದು ಅವರ ಸಲಹೆ. ಹೊಗೆ ಸಲೀಸಾಗಿ ಹೊರಗೆ ಹೋದರೆ ಟರ್ಬೊ ಬೇಗ ಎಚ್ಚರವಾಗುತ್ತದೆ, ಅದು ನಿಜ. ಎಮಿಷನ್ ಟೆಸ್ಟ್ ಏನು ಮಾಡುವುದು ಅಂತ ಕೇಳಿದೆ. “ಆವತ್ತೊಂದು ದಿನ ಹಳೇದು ಹಾಕ್ಕೊಡ್ತೀವಿ ಮೇಡಂ.” ಎರಡು ಲೆಕ್ಕದ ಪುಸ್ತಕ ಇಡುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಟೀ ಕುಡಿದು ಎದ್ದು ಬಂದೆ.

ಕಾನೂನು ಈ ವಿಷಯದಲ್ಲಿ ಗಟ್ಟಿ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ, ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182ಎ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ವಿಮೆ ಕಂಪನಿಗೆ ತಿಳಿಸದೆ ಮಾಡಿಸಿದ್ದು ಅಪಘಾತದ ದಿನ ಹೊರಬಿದ್ದರೆ ಕ್ಲೇಮು ತಿರಸ್ಕಾರವಾಗಬಹುದು. ಕಕ್ಷಿದಾರರೊಬ್ಬರ ಫೈಲಿನಲ್ಲಿ ಅಂಥ ಪತ್ರ ಓದಿದ್ದೇನೆ. ಭಾಷೆ ಬಹಳ ಸೌಜನ್ಯದ್ದು.

ಈಗ ಎಲ್ಲರೂ ಕಾಯುವ ಪುಟ: ರಿಮ್ಯಾಪ್. ಎಷ್ಟು ಗಾಳಿ, ಎಷ್ಟು ಪೆಟ್ರೋಲು, ಕಿಡಿ ಯಾವಾಗ ಅನ್ನುವ ಕೋಷ್ಟಕಗಳು (ಮ್ಯಾಪ್ ಅಂದರೆ ಈ ನಕ್ಷೆಗಳೇ) ಎಂಜಿನ್ ಕಂಪ್ಯೂಟರಿನಲ್ಲಿರುತ್ತವೆ. ಅವನ್ನು ತಿದ್ದಿ ಬರೆದರೆ ಒಂದು ಬೋಲ್ಟೂ ಬಿಚ್ಚದೆ ನನ್ನ ಎಂಜಿನ್ 300 ಪಿಎಸ್ ಆಸುಪಾಸಿಗೆ ಬರುತ್ತದೆ ಎನ್ನುತ್ತಾರೆ ಟ್ಯೂನರುಗಳು. ಸುಳ್ಳಲ್ಲ. ಆದರೆ ಆ ಎಪ್ಪತ್ತು ಕುದುರೆ ಬಂದದ್ದು ಎಲ್ಲಿಂದ? ಮರುಭೂಮಿಯ ಬಿಸಿಲಿಗೆ, ಕಳಪೆ ಪೆಟ್ರೋಲಿಗೆ, ನನ್ನಂಥ ಸರ್ವಿಸ್ ಮರೆಯುವವರಿಗೆ ಅಂತ ಕಂಪನಿ ಕಾದಿಟ್ಟ ಮೀಸಲು ನಿಧಿಯಿಂದ. ತೆಗೆಯಬಾರದು ಅಂತಿಲ್ಲ. ತೆಗೆದದ್ದನ್ನು ಆದಾಯ ಅಂತ ತೋರಿಸಬಾರದು, ಅಷ್ಟೆ. ನನ್ನ ಆರು ಗೇರಿನ ಡಿಎಸ್‌ಜಿ ತಾಳುವ ಟಾರ್ಕಿಗೂ ಒಂದು ಮಿತಿ ಉಂಟು. ಎಂಜಿನ್ ಈಗಲೇ 350 ಎನ್‌ಎಂ ಕೊಡುತ್ತಿದೆ. ಇನ್ನಷ್ಟು ಟಾರ್ಕ್ ಬಂದರೆ ಎಂಜಿನ್ ತಾಳಬಹುದು; ಕ್ಲಚ್ಚು ಜಾರಲು ಶುರುಮಾಡಬಹುದು. ನಕ್ಷೆ ಬರೆಯುವಾತ ಯಾವ ಬಂಕಿನ ಯಾವ ಪೆಟ್ರೋಲು ಹಾಕುತ್ತೀರಿ ಅಂತ ಮೊದಲು ಕೇಳದಿದ್ದರೆ ಕೀಲಿಕೈ ಕೊಡಬೇಡಿ. ಆಕ್ಟೇನ್ ಕಡಿಮೆಯಿದ್ದರೆ ಮಿಶ್ರಣ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ನಿಗೆ ಸುತ್ತಿಗೆ ಏಟು. ಎಥನಾಲ್ ಬೆರೆತರೆ ಆಕ್ಟೇನ್ ಏರುತ್ತದೆ, ಲೀಟರಿನೊಳಗಿನ ಶಕ್ತಿ ಇಳಿಯುತ್ತದೆ, ಆಗ ಇಂಜೆಕ್ಟರು ಹೆಚ್ಚು ಸುರಿಯಬೇಕು.

ಇದನ್ನೆಲ್ಲ ಕಾಗದದ ಮೇಲೆ ತೀರ್ಮಾನಿಸಲು ಆಗಲಿಲ್ಲ. ಕೊಯಮತ್ತೂರಿನ ಚೆಟ್ಟಿಪಾಳ್ಯಂ ಬಳಿಯ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಸ್ವಂತ ಕಾರು ಓಡಿಸಲು ಬಿಡುವ ದಿನ ನೋಡಿ ಹೋದೆ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದುಕೊಂಡು. ಪೆಡಲ್ ಈ ಸಲ ಕಲ್ಲಿನಂತಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ ಕಾರಿನ ಕಂಪ್ಯೂಟರ್ ಓದುವ ಒಂದು ಓಬಿಡಿ ರೀಡರ್ ಸಿಕ್ಕಿಸಿ, ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣಾಂಶವನ್ನು ಫೋನಿನಲ್ಲಿ ನೋಡುತ್ತಿದ್ದವಳು ಪಕ್ಕದ ಸೀಟಿನ ಮಗಳು. ಮೊದಲ ಸುತ್ತಿನಲ್ಲಿ “ನಲವತ್ತೊಂದು.” ಮೂರನೆಯದರಲ್ಲಿ “ಐವತ್ತೇಳು.” ಐದನೆಯದರಲ್ಲಿ “ಅರವತ್ತೆಂಟು ಅಮ್ಮಾ.” ಅವಳು ಹೇಳುವ ಮೊದಲೇ ನನ್ನ ಬೆನ್ನಿಗೆ ಗೊತ್ತಾಗಿತ್ತು, ಸೀಟು ಮೊದಲಿನ ಹಾಗೆ ತಳ್ಳುತ್ತಿರಲಿಲ್ಲ.

ಸೈಕಲ್ ಪಂಪು ಹೊಡೆದು ಅದರ ಬುಡ ಮುಟ್ಟಿದವರಿಗೆ ಇದು ಗೊತ್ತು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಟರ್ಬೊದಿಂದ ಹೊರಬರುವಾಗ 100 ಡಿಗ್ರಿ ದಾಟಿರುತ್ತದೆ. ಅದನ್ನು ತಣಿಸುವುದು ಮುಂದಿರುವ ಇಂಟರ್‌ಕೂಲರ್. ಅದೇ ಕಾದು ಕೂತರೆ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಕಂಪ್ಯೂಟರ್ ಶಕ್ತಿಯನ್ನು ಹಿಂದಕ್ಕೆಳೆಯುತ್ತದೆ. ಇರುವ 230 ಕುದುರೆಯೇ ಐದು ಸುತ್ತಿಗೆ ಸುಸ್ತಾದರೆ ಇನ್ನೂ ಎಪ್ಪತ್ತನ್ನು ಯಾವ ಲಾಯಕ್ಕೆ ಕಟ್ಟಲಿ? ದಪ್ಪನೆಯ ಇಂಟರ್‌ಕೂಲರ್ ಹಾಕಿಸಿದೆ. ಖರ್ಚಿನ ಕಡೆ: ಒತ್ತಡ ತುಂಬಲು ಕೂದಲೆಳೆಯಷ್ಟು ತಡ, ಮತ್ತು ಅದರ ಹಿಂದಿನ ರೇಡಿಯೇಟರಿಗೆ ಹೋಗುವ ಗಾಳಿಗೆ ಸ್ವಲ್ಪ ಅಡ್ಡಿ. ಮುಂದಿನ ಸಲ ಕರಿಯಲ್ಲಿ ಮಗಳು ಐದನೇ ಸುತ್ತಿಗೆ “ನಲವತ್ತೊಂಬತ್ತು” ಅಂದು ಫೋನಿನಲ್ಲಿ ಬೇರೇನೋ ನೋಡತೊಡಗಿದಳು.

ರಿಮ್ಯಾಪ್ ಪುಟ ಇನ್ನೂ ತೆರೆದೇ ಇದೆ. ಗೇರ್‌ಬಾಕ್ಸಿನ ಆಯಿಲ್ ಬದಲಿಸುವ ಸಾಲಿಗೆ ಗುರುತು ಬಿದ್ದಿದೆ, ವಿಮೆಯವರಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ.

ಕೋನ್ ಫಿಲ್ಟರ್ ಭಾಯ್ ಗ್ಯಾರೇಜಿನ ಶೆಲ್ಫಿನಲ್ಲಿ ಧೂಳು ತಿನ್ನುತ್ತಿತ್ತು. ಹೋದ ತಿಂಗಳು ಪೋಲೊ ಇಟ್ಟುಕೊಂಡ ಒಬ್ಬ ಹುಡುಗ ಬಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ನನ್ನ ಕಾರಿಗೆ ಕೂರುತ್ತಾ ಅಂತ ಕೇಳಿದ. ಪೈಪು ಬದಲಿಸಿದರೆ ಕೂರುತ್ತೆ ಅಂದರು ಭಾಯ್. ಬಾನೆಟ್ಟಿನೊಳಗಿನ ಬಿಸಿ ಗಾಳಿ, ಆಮ್ಲಜನಕ, ಕಿಡಿ ಎಲ್ಲವನ್ನೂ ನಾನು ಸಾವಧಾನವಾಗಿ ವಿವರಿಸಿದೆ. ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡ.

“ಸದ್ದು ಬರುತ್ತಲ್ವಾ ಆಂಟಿ?”

ಬರುತ್ತೆ ಅಂದೆ. ಎರಡೂವರೆ ಸಾವಿರಕ್ಕೆ ತಗೊಂಡು ಹೋದ.