ಕದ್ದು ಹೋಗುವ ಶಿಕಾರಿ

ಯುಗಾದಿಯ ಮಾರನೆಯ ದಿನ ನಮ್ಮ ಹುಳಿಯಾರು ಸೀಮೆಯಲ್ಲಿ ವರ್ಷತೊಡಕು. ಹಿಂದಿನ ದಿನ ಹೋಳಿಗೆ ಉಂಡ ಎಷ್ಟೋ ಮನೆಗಳಲ್ಲಿ ಅಂದು ಬಾಡೂಟ. ವರ್ಷದ ಆರಂಭದಲ್ಲಿ ಏನು ಕೈಗೂಡುತ್ತದೋ ಅದು ವರ್ಷವಿಡೀ ಕೈಗೂಡುತ್ತದೆ ಎಂಬ ನಂಬಿಕೆ. ಈ ನಂಬಿಕೆಯ ಬಾಲ ಹಿಡಿದೇ ಬೇಟೆಯೂ ಬಂದಿದೆ. ಊರಿನ ಗಂಡಸರು ಬಲೆ, ದೊಣ್ಣೆ, ನಾಯಿಗಳೊಂದಿಗೆ ಹಗಲಲ್ಲೇ ಗುಂಪಾಗಿ ಗುಡ್ಡಕ್ಕೆ ಹೋಗಿ, ಸಿಕ್ಕ ಮೊಲವನ್ನು ಪಾಲು ಹಾಕಿಕೊಳ್ಳುತ್ತಿದ್ದ ಕಾಲವನ್ನು ಹಿರಿಯರು ಈಗಲೂ ಕಣ್ಣರಳಿಸಿ ಹೇಳುತ್ತಾರೆ.

ಆ ಬೇಟೆ ಈಗಿಲ್ಲ. ಅದರ ಜಾಗದಲ್ಲಿ ಬಂದಿರುವುದು ಮೋಜಿನ ಶಿಕಾರಿ. ಎರಡು ಬೈಕು, ನಾಲ್ಕು ಹುಡುಗರು, ತಲೆಗೆ ಕಟ್ಟಿಕೊಳ್ಳುವ ಚಾರ್ಜಿಂಗ್ ಲೈಟು, ಎಲ್ಲಿಂದಲೋ ತಂದ ಒಂದು ನಾಡಕೋವಿ. ಹೊಟ್ಟೆಗಿಲ್ಲದೆ ಹೋಗುವವರು ಯಾರೂ ಇಲ್ಲ. ಹುಳಿಯಾರಿಗೆ ಬಂದರೆ ಕೋಳಿ ಅಂಗಡಿಗೆ ಬರವಿಲ್ಲ. ‘ಒಂದು ರೌಂಡ್ ಹೋಗಿ ಬರೋಣ’ ಎಂಬ ಹುಮ್ಮಸ್ಸು, ಅಷ್ಟೆ. ನನ್ನ ವಯಸ್ಸಿನವರಿಗೆ ಇದರ ಸೆಳೆತ ಏನೆಂದು ಬಿಡಿಸಿ ಹೇಳಬೇಕಿಲ್ಲ. ರಾತ್ರಿಯ ಗುಡ್ಡ ಚೆಂದ. ಆದರೆ ಈ ಆಟದಲ್ಲಿ ಅಪಾಯ ಎಲ್ಲಿದೆ ಎಂಬುದನ್ನು ನಾವು ತಪ್ಪಾಗಿ ಅಳೆಯುತ್ತಿದ್ದೇವೆ ಎಂದು ನನಗನ್ನಿಸುತ್ತದೆ. ಚಿರತೆ, ಕರಡಿಗಳ ಭಯ ಎಲ್ಲರ ಬಾಯಲ್ಲೂ ಇದೆ. ಕೋವಿ ಹಿಡಿದು ಕದ್ದು ಹೋದವರ ಭಯ ಯಾರಿಗೂ ಇಲ್ಲ.

ನಮ್ಮ ಕೆಂಕೆರೆ ಕಡೆಯ ನೆಲ ನೋಡಿದವರಿಗೆ ಗೊತ್ತು. ತೆಂಗಿನ ತೋಟ ಮುಗಿದಲ್ಲಿ ರಾಗಿ ಹೊಲ, ಹೊಲದಾಚೆ ಗೋಮಾಳ, ಅದರಾಚೆ ಅರಣ್ಯ ಇಲಾಖೆಯ ಕುರುಚಲು ಕಾಡು, ಕಲ್ಲುಗುಡ್ಡ. ಬೇಲಿಯಿಲ್ಲ, ಗೇಟಿಲ್ಲ. ಹಾಗಾಗಿ ‘ಸರ್ಕಾರದ ಜಾಗ, ಎಲ್ಲರದೂ’ ಎಂಬ ಮಾತು ಸಲೀಸಾಗಿ ಬರುತ್ತದೆ. ಅಲ್ಲಿ ಏನೂ ಇಲ್ಲ, ಬರೀ ಜಾಲಿ ಮುಳ್ಳು ಎನ್ನುವವರೂ ಇದ್ದಾರೆ. ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡನ್ನೂ ಹಾಗೇ ಅನ್ನುತ್ತಿದ್ದರು. ಅಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆ ಇರುವುದು ಕ್ಯಾಮೆರಾದಲ್ಲಿ ದಾಖಲಾಯಿತು. 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಪ್ರದೇಶ ಚಿಂಕಾರ ವನ್ಯಜೀವಿಧಾಮವಾಯಿತು. ನಮ್ಮ ಬೋರನಕಣಿವೆಯಿಂದ ಅದೇನು ದೂರದ ಸೀಮೆಯಲ್ಲ.

ಕಾನೂನಿನ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರ ಬೇಟೆಯಲ್ಲ. ಹಿಡಿಯುವುದು, ಬಲೆ ಒಡ್ಡುವುದು, ಸೋವಿ ಓಡಿಸುವುದು, ಹಕ್ಕಿಯ ಮೊಟ್ಟೆ ಎತ್ತುವುದು, ಇವಕ್ಕೆ ಪ್ರಯತ್ನಿಸುವುದೂ ಬೇಟೆಯೇ. ‘ಬರೀ ಮೊಲ, ಬರೀ ಕೌಜುಗ’ ಎಂಬ ರಿಯಾಯಿತಿ ಇಲ್ಲ. ಅವೂ ಕಾಯ್ದೆಯ ಪಟ್ಟಿಯಲ್ಲಿವೆ. ಚಿರತೆ, ಕರಡಿ, ನವಿಲು, ಚಿಂಕಾರ ಮೊದಲ ಪಟ್ಟಿಯಲ್ಲಿವೆ. ಇವುಗಳ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಬೈಕು, ಕೋವಿ ಎರಡೂ ಜಪ್ತಿ. ಕಂತು ಕಟ್ಟುತ್ತಿರುವ ಬೈಕಾದರೂ ಅಷ್ಟೆ.

ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದು. ಮೈಮೇಲೆ ಬಿದ್ದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ. ಆದರೆ ಆ ಹೊತ್ತಿಗೆ ನೀವು ಇದೇ ಕಾಯ್ದೆಯನ್ನು ಮುರಿಯುತ್ತಿದ್ದರೆ ಆ ರಕ್ಷಣೆ ನಿಮಗಿಲ್ಲ. ಅಂದರೆ ಮೇಕೆ ಮೇಯಿಸಲು ಹೋದವನಿಗೆ ಕರಡಿ ಎದುರಾದರೆ ಕಾನೂನು ಅವನ ಕಡೆಗಿದೆ. ಮೊಲದ ಶಿಕಾರಿಗೆ ಹೋದವನಿಗೆ ಅದೇ ಕರಡಿ ಎದುರಾದರೆ ಅವನು ಒಂಟಿ.

ಆ ಒಂಟಿತನ ಕೋರ್ಟಿಗಷ್ಟೇ ಸೇರಿದ್ದಲ್ಲ. ಅಮೆರಿಕದಲ್ಲಿ ಸಾರ್ವಜನಿಕ ಅರಣ್ಯಗಳಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡಬಹುದು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುವವರು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್ಟೋ ಟೋಪಿಯೋ ತೊಡಬೇಕೆಂಬ ನಿಯಮ ಬಹುತೇಕ ರಾಜ್ಯಗಳಲ್ಲಿದೆ. ಜಿಂಕೆಗೆ ಆ ಬಣ್ಣ ಎದ್ದು ಕಾಣುವುದಿಲ್ಲ, ಇನ್ನೊಬ್ಬ ಬೇಟೆಗಾರನಿಗೆ ಕಾಣುತ್ತದೆ. ಗುರಿ ಏನೆಂದು ಖಚಿತವಾಗದೆ, ಗುರಿಯ ಹಿಂದೆ ಏನಿದೆ ಎಂದು ನೋಡದೆ ಬೆರಳು ಒತ್ತಬೇಡ ಎಂದು ಕಲಿಸುತ್ತಾರೆ. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೋಗು ಎನ್ನುತ್ತಾರೆ.

ಇದರಲ್ಲಿ ಒಂದಾದರೂ ನಮ್ಮ ಶಿಕಾರಿಗೆ ಸಾಧ್ಯವೇ? ಕದ್ದು ಹೋಗುವವನು ಕಿತ್ತಳೆ ಜಾಕೆಟ್ ತೊಡುವುದಿಲ್ಲ. ಕಪ್ಪು ಬನಿಯನ್ ಹುಡುಕುತ್ತಾನೆ. ಮನೆಯಲ್ಲಿ ‘ಫ್ರೆಂಡ್ ರೂಮಿಗೆ’ ಎಂದಿರುತ್ತಾನೆ. ಫೋನ್ ಆಫ್. ಗಾರ್ಡ್ ಬಂದರೆಂದು ಅನುಮಾನ ಬಂದರೆ ಲೈಟ್ ಆರಿಸಿ ಕತ್ತಲಲ್ಲಿ ಕಲ್ಲು ಬಂಡೆ, ಪಾಳುಬಾವಿ, ಹಳೆಯ ಗಣಿಗುಂಡಿಗಳ ನಡುವೆ ಓಡುತ್ತಾನೆ. (ಗಣಿ ನಿಂತರೂ ಗುಂಡಿಗಳು ಎಲ್ಲಿಗೂ ಹೋಗಿಲ್ಲ.) ಬಿದ್ದು ಕಾಲು ಮುರಿದರೆ 108ಕ್ಕೆ ಕರೆ ಮಾಡುವ ಮೊದಲು ಕೋವಿ ಎಲ್ಲಿ ಬಚ್ಚಿಡುವುದು ಎಂದು ಯೋಚಿಸಬೇಕು. ಸುರಕ್ಷತೆಯ ಪ್ರತಿಯೊಂದು ನಿಯಮವೂ ಇತರರಿಗೆ ಕಾಣಿಸಿಕೊಳ್ಳುವುದರ ಮೇಲೆ ನಿಂತಿದೆ. ಈ ಶಿಕಾರಿ ಅಡಗುವುದರ ಮೇಲೆ ನಿಂತಿದೆ. ಎರಡೂ ಒಟ್ಟಿಗೆ ಆಗುವುದಿಲ್ಲ.

ಕೊಡಗಿನ ಉದಾಹರಣೆ ಕೊಡುವ ಗೆಳೆಯರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಆ ವಿನಾಯಿತಿ ಕೋವಿಗೆ, ಬೇಟೆಗಲ್ಲ. ಕಾಡುಹಂದಿ ಎಂದುಕೊಂಡು ಹಾರಿಸಿದ ಗುಂಡು ಜೊತೆಗಾರನಿಗೇ ತಗುಲಿದ ಸುದ್ದಿ ಮಲೆನಾಡಿನ ಕಡೆಯಿಂದ ಆಗಾಗ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಅದು ಯಾಕಾಗುತ್ತದೆ ಎಂಬುದೂ ಗುಟ್ಟೇನಲ್ಲ. ರಾತ್ರಿ ಲೈಟಿಗೆ ಸಿಗುವುದು ಪ್ರಾಣಿಯಲ್ಲ, ಎರಡು ಮಿಂಚುವ ಕಣ್ಣು. ಮೊಲದ ಕಣ್ಣು ಮಿಂಚುತ್ತದೆ. ಮೇಕೆಯದೂ, ಕರುವಿನದೂ, ತೋಟದ ನಾಯಿಯದೂ ಮಿಂಚುತ್ತದೆ. ಮನುಷ್ಯನ ಕಣ್ಣು ಹಾಗೆ ಮಿಂಚುವುದಿಲ್ಲ. ಹಾಗಾಗಿ ಮೇಕೆಯ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತ ಕುರಿಗಾಹಿ ಶಿಕಾರಿಯವನ ಪಾಲಿಗೆ ಅಲ್ಲಿ ಇಲ್ಲವೇ ಇಲ್ಲ. ನಮ್ಮೂರುಗಳಲ್ಲಿ ರಾತ್ರಿ ತೋಟದಲ್ಲಿ ಜನ ಇರುವುದೇ ಜಾಸ್ತಿ. ತ್ರೀಫೇಸ್ ಕರೆಂಟು ಮಧ್ಯರಾತ್ರಿ ಬಂದರೆ ಮೋಟಾರ್ ಹಾಕಲು ಆಗಲೇ ಹೋಗಬೇಕು. ಬೋರ್‌ವೆಲ್ ಹತ್ತಿರ ಬಗ್ಗಿ ನಿಂತ ಅಪ್ಪನಿಗೂ ಹೊಲದಂಚಿನ ಹಂದಿಗೂ ಇನ್ನೂರು ಮೀಟರ್ ದೂರದ ಕತ್ತಲಲ್ಲಿ ಎಷ್ಟು ವ್ಯತ್ಯಾಸ ಕಂಡೀತು?

ಶಿಕಾರಿಯವರು ಹೋದ ಮೇಲೂ ಅವರು ಬಿಟ್ಟು ಹೋದದ್ದು ಉಳಿಯುತ್ತದೆ. ಹಂದಿಗೆಂದು ಬೇಲಿಯ ಕಿಂಡಿಯಲ್ಲಿ ಬೈಕಿನ ಕ್ಲಚ್ ತಂತಿಯ ಉರುಳು ಕಟ್ಟುತ್ತಾರೆ. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು, ಕುರಿನಾಯಿ ಯಾವುದು ಗೊತ್ತಿಲ್ಲ. ಸೊಂಟಕ್ಕೆ ಉರುಳು ಬಿಗಿದ ಚಿರತೆ ಎಳೆದಾಡಿದಷ್ಟೂ ಒಳಗೆ ಜಖಂ ಆಗುತ್ತದೆ. ಬೆಳಿಗ್ಗೆ ಹುಲ್ಲಿಗೆ ಬಂದ ಹೆಂಗಸು ಅದರ ಎದುರು ನಿಂತರೆ ಗತಿಯೇನು? ಉರುಳಿಗಿಂತ ಕೇಡು ಸಿಡಿಮದ್ದಿನ ಉಂಡೆ. ತಿನ್ನುವ ಪದಾರ್ಥದಲ್ಲಿ ಸುತ್ತಿ ಇಟ್ಟದ್ದನ್ನು ಹಸು ಕಚ್ಚಿದರೆ ದವಡೆ ಹಾರಿಹೋಗುತ್ತದೆ. ಮಕ್ಕಳು ಕೈಗೆತ್ತಿಕೊಂಡರೆ ಏನಾಗುತ್ತದೆ ಎಂದು ಬರೆಯಲು ಮನಸ್ಸಿಲ್ಲ.

ಈ ಗೀಳಿಗೆ ಪುಸ್ತಕಗಳೂ ಸ್ವಲ್ಪ ಕಾರಣವೇನೋ. ಕೆನೆತ್ ಆಂಡರ್ಸನ್ನನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದರು. ಹೈಸ್ಕೂಲಿನಲ್ಲಿ ನಾವು ಕೈಯಿಂದ ಕೈಗೆ ದಾಟಿಸಿ ಓದಿದ್ದೆವು. ಓದುವಾಗ ಕಣ್ಣಿಗೆ ಬಿದ್ದದ್ದು ಬಂದೂಕು ಮಾತ್ರ. ಈಗ ಮತ್ತೆ ತೆರೆದರೆ ಬೇರೆಯೇ ಕಾಣುತ್ತದೆ. ಆತ ಪುಟಗಟ್ಟಲೆ ಕಾಯುತ್ತಾನೆ, ಹೆಜ್ಜೆಗುರುತು ನೋಡುತ್ತಾನೆ, ಊರಿನವರನ್ನು ವಿಚಾರಿಸುತ್ತಾನೆ. ಗುಂಡು ಹಾರುವುದು ಒಂದು ಸಾಲಿನಲ್ಲಿ. ಆತನ ಕರಡಿಯ ಕತೆ ನಡೆಯುವುದು ತಿಪಟೂರಿನ ಮಗ್ಗುಲಿನ ಅರಸೀಕೆರೆಯ ಬೆಟ್ಟಗಳಲ್ಲಿ ಎಂಬುದು ನಮ್ಮ ಸೀಮೆಯ ಎಷ್ಟು ಜನರಿಗೆ ಗೊತ್ತೋ.

ಕರಡಿ ನಮ್ಮ ಗುಡ್ಡಗಳಲ್ಲಿ ಈಗಲೂ ಇದೆ, ಹಣ್ಣು ಹುಡುಕಿ, ಗೆದ್ದಲು ಹುತ್ತ ಬಗೆಯುತ್ತಾ ತಿರುಗುತ್ತದೆ. ಅದರ ದೃಷ್ಟಿ ಮಂದ. ಗೆದ್ದಲು ಹೀರುವಾಗ ಬೇರೆ ಸದ್ದು ಅದರ ಕಿವಿಗೆ ಬೀಳುವುದೂ ಕಡಿಮೆ. ತೀರಾ ಹತ್ತಿರ ಹೋಗುವವರೆಗೆ ಅದಕ್ಕೆ ನಾವು ಗೊತ್ತಾಗುವುದಿಲ್ಲ, ಗೊತ್ತಾದಾಗ ಗಾಬರಿಯಲ್ಲಿ ಮುಖಕ್ಕೇ ಹಾಕುತ್ತದೆ. ಹಿರಿಯರು ಗುಡ್ಡದ ದಾರಿಯಲ್ಲಿ ಕೆಮ್ಮುತ್ತಾ, ಮಾತಾಡುತ್ತಾ, ಕೋಲು ಕುಟ್ಟುತ್ತಾ ಹೋಗುತ್ತಿದ್ದುದು ಇದಕ್ಕೇ. ಸದ್ದಿಲ್ಲದೆ ಬೆಕ್ಕಿನ ಹೆಜ್ಜೆ ಇಡುವ ಶಿಕಾರಿಯವನು ಕರಡಿಯ ಮಟ್ಟಿಗೆ ಎಲ್ಲರಿಗಿಂತ ಅಪಾಯದ ಮನುಷ್ಯ, ತನಗೂ ಅದಕ್ಕೂ.

ಚಿರತೆಯ ವಿಷಯ ನಮ್ಮ ಜಿಲ್ಲೆಗೆ ಹೊಸದಲ್ಲ. 2019ರ ಕೊನೆ ಮತ್ತು 2020ರ ಆರಂಭದಲ್ಲಿ ಹೆಬ್ಬೂರು, ಗುಬ್ಬಿ ಕಡೆ ಚಿರತೆ ದಾಳಿಗೆ ಪುಟ್ಟ ಮಕ್ಕಳೂ ಸೇರಿ ಕೆಲವರು ಪ್ರಾಣ ಕಳೆದುಕೊಂಡರು. ಆ ಭಯ ಸುಳ್ಳಲ್ಲ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹಿತ್ತಲಿಗೆ ಕಳಿಸಬಾರದು, ಹೊಲದಲ್ಲಿ ಬಗ್ಗಿ ಕೆಲಸ ಮಾಡುವಾಗ ಜೊತೆಗೊಬ್ಬರಿರಬೇಕು, ಎದುರಾದರೆ ಬೆನ್ನು ತೋರಿಸಿ ಓಡಬಾರದು. ಚಿರತೆ ಕಂಡರೆ ಗುಂಪು ಕಟ್ಟಿ ಅಟ್ಟಿಸಿಕೊಂಡು ಹೋಗಿ ವಿಡಿಯೊ ಮಾಡುವುದನ್ನು ಬಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಬೇಕು. ಅದು ತಿನ್ನುವ ಮೊಲ, ಹಂದಿಯನ್ನು ನಾವು ಮೋಜಿಗೆ ಖಾಲಿ ಮಾಡಿದರೆ ಅದು ನಾಯಿ, ಕುರಿ ಹುಡುಕಿಕೊಂಡು ಕೊಟ್ಟಿಗೆಯ ಹತ್ತಿರ ಬರುವುದು ತೀರಾ ಸಹಜ.

ಇಷ್ಟಾದರೂ ನಮ್ಮ ಕಡೆ ಚಿರತೆ, ಕರಡಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಕಾಲ ಕೆಳಗೆ. ತೆಂಗಿನ ಗರಿ, ಮಟ್ಟೆಯ ರಾಶಿಯಡಿ ಇಲಿ, ಇಲಿಯ ಹಿಂದೆ ನಾಗರ, ಕೊಳಕುಮಂಡಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಕಚ್ಚಿದರೆ ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಬಾಯಲ್ಲಿ ಹೀರಬಾರದು. ಕಾಲು ಅಲುಗಿಸದೆ, ನಡೆಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ನಿಮಿಷಗಳಿಗೆ ಬೆಲೆ. ಶಿಕಾರಿಯ ರಾತ್ರಿ ಕಚ್ಚಿಸಿಕೊಂಡವನ ಗೆಳೆಯರು ಆ ನಿಮಿಷಗಳನ್ನು ಕಳೆಯುವುದು ‘ಎಲ್ಲಿ ಕಚ್ಚಿತು ಅಂತ ಕೇಳಿದರೆ ಏನು ಹೇಳೋದು’ ಎಂದು ಮಾತಾಡಿಕೊಳ್ಳುವುದರಲ್ಲಿ.

ಗುಡ್ಡದ ಮೋಹ ಇರುವವರಿಗೆ ಹಗಲು ಬಾಗಿಲು ಮುಚ್ಚಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡು ನೋಡಲು ಬೇಕಾದ್ದು ಎರಡು ಗಂಟೆ ಸಹನೆ. ಇಲಾಖೆಯ ಅನುಮತಿ ಕೇಳಿ ಹೋದರೆ ಹಿಂತಿರುಗಿ ಬರುವಾಗ ಜೀಪಿನ ಸದ್ದಿಗೆ ಎದೆ ಹೊಡೆದುಕೊಳ್ಳುವುದಿಲ್ಲ. ಗುಡ್ಡಕ್ಕೆ ಹೊರಡುವ ಮುನ್ನ ಮನೆಯಲ್ಲಿ ದಾರಿ ಹೇಳಿ, ನೀರು, ಟಾರ್ಚು, ಮುಚ್ಚಿದ ಬೂಟು ಇಟ್ಟುಕೊಂಡರೆ ಸಾಕು.

ನಮ್ಮ ಬೀದಿಯಲ್ಲಿ ರಾತ್ರಿ ಮೋಟಾರ್ ಹಾಕಲು ತೋಟಕ್ಕೆ ಹೋಗುವವರು ಇತ್ತೀಚೆಗೆ ಮೊಬೈಲಿನಲ್ಲಿ ಹಳೆಯ ಸಿನಿಮಾ ಹಾಡನ್ನು ಜೋರಾಗಿ ಹಾಕಿಕೊಂಡೇ ಹೋಗುತ್ತಾರೆ. ಕರಡಿಗೆ ಕೇಳಲಿ ಎಂದು ಶುರುವಾದದ್ದು. ಈಗ ವರ್ಷತೊಡಕಿನ ಆಸುಪಾಸಿನಲ್ಲಿ ವಾಲ್ಯೂಮ್ ಇನ್ನೂ ಜಾಸ್ತಿ ಇಡುತ್ತಾರೆ, ಕೋವಿ ಹಿಡಿದವರಿಗೂ ಕೇಳಲಿ ಎಂದು.