ಕಾಳು ಕಂಡ ಮಾತ್ರಕ್ಕೆ ಸಸ್ಯಾಹಾರವೇ?

ಅಮೆರಿಕದ ದೊಡ್ಡ ಊರುಗಳಿಗೆ ಹೊರಟ ಸಸ್ಯಾಹಾರಿಗಳಿಗೆ ನಮ್ಮವರು ಹೇಳಿ ಕಳಿಸುವ ಬುದ್ಧಿಮಾತುಗಳಲ್ಲಿ ಒಂದಂತೂ ತಪ್ಪುವುದೇ ಇಲ್ಲ: ‘ಎಲ್ಲೂ ಏನೂ ಸಿಗದಿದ್ದರೆ ಮೆಕ್ಸಿಕನ್ ಹೋಟೆಲಿಗೆ ಹೋಗಿ, ಅದು ನಮ್ಮದೇ ಊಟ. ಚಪಾತಿ, ಅನ್ನ, ರಾಜ್ಮಾ, ಖಾರದ ಚಟ್ನಿ. ಮಾಂಸ ಬೇಡ ಅಂದರೆ ಸಾಕು, ಕಣ್ಣು ಮುಚ್ಚಿಕೊಂಡು ತಿನ್ನಬಹುದು.’ ಕಣ್ಣು ಮುಚ್ಚಿಕೊಂಡರೆ ತಿನ್ನಬಹುದು ಎನ್ನುವುದೇನೋ ನಿಜ. ತೊಂದರೆ ಇರುವುದು ಕಣ್ಣು ತೆರೆದವರಿಗೆ. ಲಾಸ್ ಏಂಜಲಿಸ್‌ನಲ್ಲಾಗಲಿ, ಹ್ಯೂಸ್ಟನ್‌ನಲ್ಲಾಗಲಿ, ಶಿಕಾಗೋದಲ್ಲಾಗಲಿ, ಹಳೆಯ ಪದ್ಧತಿ ಬಿಡದ ಸಣ್ಣ ಮೆಕ್ಸಿಕನ್ ಹೋಟೆಲಿನಲ್ಲಿ ಆ ‘ರಾಜ್ಮಾ’ವನ್ನು ಬೇಯಿಸಿ, ಅರೆದು, ಹಂದಿಯ ಕೊಬ್ಬು ಕರಗಿಸಿ ತೆಗೆದ ಜಿಡ್ಡಿನಲ್ಲಿ ಬಾಡಿಸಿರುತ್ತಾರೆ. ಕೆಂಪಗೆ ಉದುರುದುರಾಗಿ ಕಾಣುವ ಅನ್ನ ಬೆಂದಿರುವುದು ಬಹಳ ಸಲ ಕೋಳಿ ಸಾರಿನಲ್ಲಿ. ‘ಚಪಾತಿ’ ಮೆತ್ತಗಿರುವುದಕ್ಕೂ ಎಷ್ಟೋ ಕಡೆ ಕಾರಣ ಅದೇ ಹಂದಿಯ ಜಿಡ್ಡು. ಅಂದರೆ ತಟ್ಟೆಯಲ್ಲಿ ಮಾಂಸದ ಒಂದು ಚೂರೂ ಕಾಣದೆ, ತಟ್ಟೆಯ ಮುಕ್ಕಾಲು ಭಾಗ ಮಾಂಸಾಹಾರವಾಗಿರುವುದು ಸಾಧ್ಯ.

ಇದು ಕಲಬೆರಕೆಯೂ ಅಲ್ಲ, ಮೋಸವೂ ಅಲ್ಲ. ಆ ಅಡುಗೆ ಬೆಳೆದು ಬಂದ ದಾರಿಯೇ ಹಾಗೆ. ಸ್ಪೇನಿನವರು ಕಾಲಿಡುವ ಮುಂಚೆ ಮೆಕ್ಸಿಕೋದಲ್ಲಿ ಹಂದಿ, ಹಸು, ಕುರಿ ಯಾವುದೂ ಇರಲಿಲ್ಲ. ಹಾಗೆಂದು ಅಲ್ಲಿನವರು ಸಾತ್ವಿಕ ಸಸ್ಯಾಹಾರಿಗಳಾಗಿದ್ದರು ಎಂದು ಕಲ್ಪಿಸಿಕೊಳ್ಳಬೇಕಿಲ್ಲ. ಟರ್ಕಿ ಕೋಳಿ, ಜಿಂಕೆ, ಮೀನು, ನಾಯಿ, ಹುಳುಹುಪ್ಪಟೆ ಎಲ್ಲವೂ ಅವರ ಊಟದಲ್ಲಿದ್ದವು. ಇರದಿದ್ದದ್ದು ಜಿಡ್ಡಿನಲ್ಲಿ ಕರಿಯುವ ಪದ್ಧತಿ. 1521ರಲ್ಲಿ ತೆನೊಚ್ತಿತ್ಲಾನ್ ನಗರ ಸ್ಪೇನಿನ ಕೈಸೇರಿದ ಮೇಲೆ ಹಂದಿ ಬಂತು, ಬೇಗ ಬೇಗ ಹೆಚ್ಚಿತು. ಸ್ಪೇನಿನವರಿಗೆ ಬೇಕಾದ ಆಲಿವ್ ಎಣ್ಣೆ ಸಮುದ್ರ ದಾಟಿ ಬರಬೇಕಿತ್ತು, ದುಬಾರಿ; ಹಂದಿಯ ಜಿಡ್ಡು ಹಿತ್ತಲಲ್ಲೇ ಸಿಗುತ್ತಿತ್ತು. ಹೀಗೆ ನೀರಿನಲ್ಲಿ ಬೇಯುತ್ತಿದ್ದ ಕಾಳು ಬಾಣಲೆಗೆ ಏರಿತು, ತಮಾಲೆ ಎಂಬ ಕಡುಬಿನ ಮುಸುಕಿನ ಜೋಳದ ಹಿಟ್ಟು ಜಿಡ್ಡಿನೊಂದಿಗೆ ನಾದಿಸಿಕೊಂಡು ಹಗುರವಾಯಿತು. ಸ್ಪೇನಿನವರು ತಂದ ಗೋಧಿ ಉತ್ತರದ ಸೊನೋರಾ, ಚಿವಾವಾ ಪ್ರಾಂತಗಳಲ್ಲಿ ಚೆನ್ನಾಗಿ ಒಗ್ಗಿಕೊಂಡು, ಜಿಡ್ಡು ಬೆರೆತ ಮೈದಾ ತೋರ್ತಿಯಾ, ಅಂದರೆ ನಮ್ಮವರು ಹೇಳುವ ಆ ‘ಚಪಾತಿ’ ಆಯಿತು. ಈ ಉತ್ತರದ ಊಟವೇ ಗಡಿ ದಾಟಿ ಅಮೆರಿಕದ ನಗರಗಳನ್ನು ಮೊದಲು ಮುಟ್ಟಿದ್ದು. ಒಟ್ಟಿನಲ್ಲಿ ಸುಮಾರು 500 ವರ್ಷಗಳಿಂದ ಈ ಅಡುಗೆಯಲ್ಲಿ ಹಂದಿಯ ಜಿಡ್ಡು ಮಾಡುತ್ತಿರುವ ಕೆಲಸ ನಮ್ಮಲ್ಲಿ ಎಣ್ಣೆ, ತುಪ್ಪ ಮಾಡುವ ಕೆಲಸ. ಒಗ್ಗರಣೆಗೆ ಹಾಕಿದ ಎಣ್ಣೆಯ ಹೆಸರನ್ನು ಯಾರೂ ಮೆನುವಿನಲ್ಲಿ ಬರೆಯುವುದಿಲ್ಲ.

‘ಹಾಗಲ್ಲ, ನಾವು ಕೇಳಿದೆವು, ಮಾಂಸ ಇಲ್ಲ ಅಂತ ಅವರೇ ಹೇಳಿದರು’ ಎಂಬ ಉತ್ತರ ಬರುತ್ತದೆ. ಹೇಳಿದ್ದು ಸುಳ್ಳಲ್ಲ; ಕೇಳಿದ ಪ್ರಶ್ನೆಯೇ ತಪ್ಪು. ಮೆಕ್ಸಿಕೋ ಕ್ಯಾಥೊಲಿಕ್ ದೇಶ, ಅಲ್ಲಿ ಮಾಂಸ ಬಿಡುವುದೆಂದರೆ ಈಸ್ಟರ್‌ಗೆ ಮುಂಚಿನ ವ್ರತದ ಶುಕ್ರವಾರಗಳ ಮಾತು. ಆ ವ್ರತದ ನಿಯಮವನ್ನು 1966ರಲ್ಲಿ ಆರನೇ ಪೌಲ್ ಪೋಪರು ಹೊಸದಾಗಿ ಹೊರಡಿಸಿದಾಗ, ಮಾಂಸ ನಿಷಿದ್ಧ, ಆದರೆ ಮೊಟ್ಟೆ, ಹಾಲಿನ ಪದಾರ್ಥ, ಪ್ರಾಣಿಯ ಕೊಬ್ಬಿನಿಂದ ಮಾಡಿದ ವ್ಯಂಜನಗಳು ನಿಷಿದ್ಧವಲ್ಲ ಎಂದು ಬಿಡಿಸಿ ಹೇಳಿದರು. ಮೀನಿಗಂತೂ ತಡೆಯೇ ಇಲ್ಲ. ಏಕಾದಶಿಯ ದಿನ ಅನ್ನ ಬಿಟ್ಟು ತಟ್ಟೆ ತುಂಬ ಉಪ್ಪಿಟ್ಟು ತಿಂದು ‘ಇವತ್ತು ಉಪವಾಸ’ ಎನ್ನುವ ನಮಗೆ ಈ ಲೆಕ್ಕಾಚಾರ ಅರ್ಥವಾಗದೆ ಇರಬಾರದು. ಮಾಂಸ ಎಂದರೆ ಕಣ್ಣಿಗೆ ಕಾಣುವ ತುಂಡು. ಜಿಡ್ಡು ಎಂದರೆ ಜಿಡ್ಡು, ಸಾರು ಎಂದರೆ ಸಾರು. ಇದು ಅವರ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ವಿಂಗಡಣೆ. ಆ ಮನೆಯಲ್ಲಿ ಬೆಳೆದು ಬಂದ ಅಡುಗೆಯವನು ‘ಕಾಳಿನಲ್ಲಿ ಮಾಂಸ ಇಲ್ಲ ಸ್ವಾಮಿ’ ಎಂದರೆ ಅವನ ಪ್ರಾಮಾಣಿಕತೆಯಲ್ಲಿ ಕೊರತೆಯೇನೂ ಇಲ್ಲ. ಇನ್ನು ಕಾನೂನಾದರೂ ಕಾಯುತ್ತದೆಯೇ ಎಂದರೆ, ಅದೂ ಇಲ್ಲ. ನಮ್ಮ ಪೊಟ್ಟಣಗಳ ಮೇಲಿರುವ ಹಸಿರು ಚುಕ್ಕೆ ಅಮೆರಿಕದಲ್ಲಿಲ್ಲ. ಅಲ್ಲಿನ ಒಕ್ಕೂಟ ಸರಕಾರದ ಕಾನೂನು ಪಟ್ಟಿ ಮಾಡಿರುವ ಅಲರ್ಜಿಕಾರಕಗಳು ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು, ಗೋಧಿ, ಸೋಯಾ, ಎಳ್ಳು. ಹಂದಿಯ ಜಿಡ್ಡು ಆ ಪಟ್ಟಿಯಲ್ಲಿಲ್ಲ, ಹೋಟೆಲಿನ ಅಲರ್ಜಿ ಪಟ್ಟಿಯಲ್ಲೂ ಹುಡುಕಿದರೆ ಸಿಗುವುದಿಲ್ಲ.

ಇದರ ಜೊತೆ ಹೊಸದಾಗಿ ಸೇರಿಕೊಂಡಿರುವ ಇನ್ನೊಂದು ಹುಚ್ಚು ‘ಅಸಲಿ’ಯದು. ಸರಪಳಿ ಹೋಟೆಲುಗಳು ಅಮೆರಿಕದವರ ನಕಲಿ, ಮೂಲೆಯ ಸಣ್ಣ ತಕೆರಿಯಾ, ಅಂದರೆ ಟ್ಯಾಕೊ ಅಂಗಡಿಯೇ ಅಸಲಿ, ಆದ್ದರಿಂದ ಸಸ್ಯಾಹಾರಿಗೂ ಅದೇ ಒಳ್ಳೆಯದು ಎಂಬ ತರ್ಕ. ರುಚಿಯ ಮಾತಾದರೆ ಒಪ್ಪೋಣ. ಸಸ್ಯಾಹಾರದ ಮಾತಾದರೆ ಸತ್ಯ ಇದರ ತಲೆಕೆಳಗು. ನಕಲಿ ಎಂದು ಎಲ್ಲರೂ ಮೂಗು ಮುರಿಯುವ ಟ್ಯಾಕೊ ಬೆಲ್ 2015ರಲ್ಲಿ ಅಮೆರಿಕದ ಸಸ್ಯಾಹಾರಿ ಸಂಘವೊಂದರಿಂದ ತನ್ನ ತಿನಿಸುಗಳಿಗೆ ಪ್ರಮಾಣಪತ್ರ ಪಡೆಯಿತು. ಇನ್ನೊಂದು ಸರಪಳಿಯಾದ ಚಿಪೋಟ್ಲೆ ತನ್ನ ಪಿಂಟೊ ಕಾಳಿಗೆ ಬೇಕನ್, ಅಂದರೆ ಉಪ್ಪು ಹಚ್ಚಿದ ಹಂದಿ ಮಾಂಸ ಹಾಕುವುದನ್ನು ನಿಲ್ಲಿಸಿದ್ದು 2013ರಲ್ಲಿ. ಅದಕ್ಕೂ ಮುಂಚೆ ‘ಬರೀ ಕಾಳು’ ಎಂದು ಅಲ್ಲಿ ನೆಮ್ಮದಿಯಾಗಿ ತಿಂದವರು ಎಷ್ಟಿರಬಹುದು ಎಂದು ಯೋಚಿಸಿದರೆ ನಗುವೂ ಬರುತ್ತದೆ, ಪಾಪ ಎಂದೂ ಅನ್ನಿಸುತ್ತದೆ. ಅಮೆರಿಕದ ದಿನಸಿ ಅಂಗಡಿಯಲ್ಲಿ ಇದೇ ಅರೆದ ಕಾಳಿನ ಡಬ್ಬಿಗಳು ಎರಡು ಬಗೆಯಲ್ಲಿ ಸಿಗುತ್ತವೆ: ಒಂದರ ಮೇಲೆ ‘ಸಾಂಪ್ರದಾಯಿಕ’ ಎಂದಿರುತ್ತದೆ, ಇನ್ನೊಂದರ ಮೇಲೆ ‘ಸಸ್ಯಾಹಾರಿ’ ಎಂದಿರುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ಅಸಲಿಯೂ ಬೇಕು, ಹಂದಿಯೂ ಇರಬಾರದು ಎನ್ನುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಬೆಂಗಳೂರಿನ ಮಾಲುಗಳಲ್ಲಿ ಪನೀರ್ ತುಂಬಿದ ಬರ್ರಿಟೊ ತಿಂದು ‘ಅಲ್ಲೂ ಹೀಗೇ’ ಎಂದುಕೊಂಡು ವಿಮಾನ ಹತ್ತುವವರಿಗಂತೂ ಹೇಳುವುದೇ ಬೇಡ. ಇಲ್ಲಿನ ಅಡುಗೆ ಇಲ್ಲಿನವರಿಗಾಗಿ ಮಾಡಿದ್ದು.

ಉಳಿದ ನಂಬಿಕೆಗಳು ಇಷ್ಟು ಜಾಗಕ್ಕೆ ಯೋಗ್ಯವಲ್ಲ. ಮೈದಾ ತೋರ್ತಿಯಾ ಮೆಕ್ಸಿಕೋದ್ದಲ್ಲ ಎನ್ನುವವರು ಮೇಲಿನ ಸೊನೋರಾದ ಸಾಲನ್ನು ಮತ್ತೊಮ್ಮೆ ಓದಿಕೊಳ್ಳಲಿ. ನಾಚೋಸ್ ಅಮೆರಿಕದವರ ಸೃಷ್ಟಿಯಲ್ಲ, ಗಡಿಯಾಚೆ ಮೆಕ್ಸಿಕೋದ ಪಿಯೆದ್ರಾಸ್ ನೆಗ್ರಾಸ್‌ನಲ್ಲಿ ಇಗ್ನಾಸಿಯೊ ಅನಾಯಾ ಎಂಬಾತ 1940ರ ದಶಕದಲ್ಲಿ ಮಾಡಿ ಬಡಿಸಿದ್ದು. ಹೋಟೆಲುಗಳು ಬ್ಯಾನರ್ ಕಟ್ಟುವ ಮೇ 5 ಮೆಕ್ಸಿಕೋದ ಸ್ವಾತಂತ್ರ್ಯ ದಿನವಲ್ಲ, 1862ರಲ್ಲಿ ಪುಯೆಬ್ಲಾದಲ್ಲಿ ಫ್ರೆಂಚರನ್ನು ಸೋಲಿಸಿದ ದಿನ. ಸ್ವಾತಂತ್ರ್ಯದ ಹಬ್ಬ ಸೆಪ್ಟೆಂಬರ್ 16ಕ್ಕೆ. ಮೆಕ್ಸಿಕೋದ ಊಟವೆಲ್ಲ ಬಾಯಿ ಸುಡುವ ಖಾರ ಎನ್ನುವವರು ಆಂಧ್ರದ ಗಡಿಯವರಲ್ಲ ಎಂದಷ್ಟೇ ಹೇಳಬಹುದು.

ಆದರೆ ‘ನಮ್ಮದೇ ಊಟ’ ಎಂಬ ಮಾತು ಇಷ್ಟು ಗಟ್ಟಿಯಾಗಿ ಕೂತಿರುವುದೇಕೆ? ಹೋಲಿಕೆ ಕಂಡ ತಕ್ಷಣ ನೆಂಟಸ್ತನ ಕಲ್ಪಿಸುವ ನಮ್ಮ ಹಳೆಯ ಚಾಳಿಯೇ ಕಾರಣ. ಪ್ರಾಚೀನ ಮೆಕ್ಸಿಕೋ ಹಿಂದೂಗಳ ನಾಡಾಗಿತ್ತೆಂದು ಸಾಧಿಸಲು ಚಮನ್ ಲಾಲ್ ಅವರು ‘ಹಿಂದೂ ಅಮೆರಿಕ’ ಎಂಬ ಪುಸ್ತಕವನ್ನೇ ಬರೆದರು. ಆ ವಾದ ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ಹೊಸ ವೇಷ ತೊಟ್ಟು ಬರುತ್ತಲೇ ಇರುತ್ತದೆ. ನಿಜವಾದ ನಂಟು ಇದಕ್ಕಿಂತ ಸ್ವಾರಸ್ಯವಾಗಿದೆ, ಮತ್ತು ಅದು ನಡೆದಿರುವುದು ಎದುರು ದಿಕ್ಕಿನಲ್ಲಿ. ಮೆಣಸಿನಕಾಯಿ, ಟೊಮೆಟೊ, ರಾಜ್ಮಾ, ಮುಸುಕಿನ ಜೋಳ, ಸೀಬೆ, ಪಪಾಯ ಎಲ್ಲವೂ ಅಮೆರಿಕ ಖಂಡಗಳಿಂದ ಹೊರಟು, 1498ರ ನಂತರ ಯೂರೋಪಿನವರ ಹಡಗುಗಳ ಕಾಲದಲ್ಲಿ ನಮಗೆ ಸಿಕ್ಕಿದವು. ಕೊತ್ತಂಬರಿ, ಜೀರಿಗೆ, ಅಕ್ಕಿ ಹಳೆಯ ಜಗತ್ತಿನಿಂದ ಅಲ್ಲಿಗೆ ಹೋದವು. ಎರಡೂ ತಟ್ಟೆಗಳು ಒಂದೇ ಥರ ಕಾಣುವುದಕ್ಕೆ ಕಾರಣ ಈ ಹಡಗು ವ್ಯಾಪಾರ, ಪೂರ್ವಜರ ನೆಂಟಸ್ತನವಲ್ಲ. ಸಾಮಗ್ರಿ ಒಂದಾದರೆ ಆಚಾರವೂ ಒಂದಾಗುತ್ತದೆಯೇ? ಮೆಣಸಿನಕಾಯಿ ಬಂದರೂ ಅದರ ಜೊತೆ ಹಂದಿಯ ಜಿಡ್ಡು ನಮ್ಮ ಸಾರಿಗೆ ಬರಲಿಲ್ಲ. ಕೊತ್ತಂಬರಿ ಹೋದರೂ ಅದರ ಜೊತೆ ನಮ್ಮ ಮಡಿ ಅಲ್ಲಿಗೆ ಹೋಗಲಿಲ್ಲ.

ಇಷ್ಟು ಕೂದಲು ಸೀಳುವ ಅಗತ್ಯವೇನು, ಕಾಣದ್ದಕ್ಕೆ ದೋಷವಿಲ್ಲ ಎನ್ನುವವರೂ ಇದ್ದಾರೆ. ಅವರಿಗೆ ಬೇಸರವಿಲ್ಲದಿದ್ದರೆ ತಿನ್ನಲಿ, ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಅದನ್ನು ‘ಶುದ್ಧ ಸಸ್ಯಾಹಾರಿ’ ಎಂದು ಮುಂದಿನವರಿಗೆ ದಾಟಿಸಬಾರದು. ಪಾಲಿಸುವವರಿಗೂ ಬಾಗಿಲು ಮುಚ್ಚಿಲ್ಲ. ಮುಸುಕಿನ ಜೋಳದ ತೋರ್ತಿಯಾ ಸಾಮಾನ್ಯವಾಗಿ ಜೋಳ, ನೀರು, ಸುಣ್ಣ ಇಷ್ಟರಿಂದಲೇ ಆದದ್ದು. ಗ್ವಾಕಮೋಲೆ, ಕಳ್ಳಿಯ ಎಲೆಯ ಪಲ್ಯ, ಸುಟ್ಟ ಮೆಣಸಿನಕಾಯಿಯ ರಾಹಾಸ್ ಸಿಗುತ್ತವೆ. ಎಷ್ಟೋ ಹೋಟೆಲುಗಳು ಈಗ ಕಾಳಿಗೂ ಎಣ್ಣೆಯನ್ನೇ ಬಳಸುತ್ತವೆ. ಹಾಗಾಗಿ ‘ಮಾಂಸ ಇದೆಯೇ’ ಎಂದು ಕೇಳುವುದನ್ನು ಬಿಡಿ. ಕಾಳಿಗೆ, ತೋರ್ತಿಯಾಗೆ ‘ಮಂತೇಕಾ’ ಹಾಕಿದ್ದೀರಾ, ಅನ್ನಕ್ಕೆ ‘ಕಾಲ್ದೊ ದೆ ಪೊಯ್ಯೊ’ ಹಾಕಿದ್ದೀರಾ ಎಂದು ಹೆಸರು ಹಿಡಿದು ಕೇಳಿ. ಒಂದು ಹಂದಿಯ ಜಿಡ್ಡು, ಇನ್ನೊಂದು ಕೋಳಿ ಸಾರು. ಹೀಗೆ ಕೇಳಿದರೆ ಅವರೂ ನೇರವಾಗಿಯೇ ಉತ್ತರ ಕೊಡುತ್ತಾರೆ.